ಸೋಲ್ ಗುಂಪುಗಳು ಡಿಸ್ಕೋ ಕಡೆ ಹೊರಳಿದ್ದು ಹೇಗೆ: ಡ್ರಮ್ ಹಿಡಿದು ಓದುವ ಟಿಪ್ಪಣಿ

1960–70ರ ಅಮೆರಿಕದ ಸೋಲ್ (soul, ಕಪ್ಪು ಅಮೆರಿಕನ್ನರ ಒಂದು ಹಾಡಿನ ಶೈಲಿ) ಗುಂಪುಗಳ ಚರಿತ್ರೆ ಓದಲು ಕೂತರೆ ಸ್ವಲ್ಪ ಹೊತ್ತಿಗೇ ಎಲ್ಲ ಒಂದೇ ಥರ ಕಾಣುತ್ತದೆ. ಒಂದು ಊರು, ಒಂದು ಹೈಸ್ಕೂಲು, ನಾಲ್ಕೈದು ಗೆಳೆಯರು. ಮೊದಲು ಒಂದು ಹೆಸರು, ಆಮೇಲೆ ಇನ್ನೊಂದು. ಸಣ್ಣ ಕಂಪನಿಯಲ್ಲಿ ಓಡದ ಎರಡು ರೆಕಾರ್ಡು, ಕೊನೆಗೊಂದು ಹಿಟ್. ಇಸವಿ, ಹೆಸರು ಸುಮ್ನೆ ಬಾಯಿಪಾಠ ಮಾಡಿದರೆ ಮಾರನೇ ದಿನಕ್ಕೆ ಉಳಿಯುವುದಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಬೇರೆ ದಾರಿ. ಹಾಡುವವರನ್ನು ಸ್ವಲ್ಪ ಪಕ್ಕಕ್ಕಿಡಿ. ಅವರ ಹಿಂದೆ ಯಾರು ನುಡಿಸುತ್ತಿದ್ದಾರೆ, ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಎಲ್ಲಿ ಬೀಳುತ್ತಿದೆ ಅಂತ ಕೇಳಿ. ಬದಲಾದದ್ದು ಜಾಸ್ತಿ ಅಲ್ಲೇ.

ಹೆಸರುಗಳನ್ನು ಬೇಗ ಮುಗಿಸೋಣ

ಹೆಸರು ಬದಲಾಗಲು ಎರಡು ಕಾರಣ ನೆನಪಿಟ್ಟರೆ ಮುಕ್ಕಾಲು ಪಾಲು ಮುಗಿಯಿತು. ಒಂದು, ಅದೇ ಹೆಸರಿನವರು ಬೇರೆ ಇದ್ದರು. ಎರಡು, ಹೆಸರು ಕಂಪನಿಯ ಕೈಯಲ್ಲಿ ಸಿಕ್ಕಿಹಾಕಿಕೊಂಡಿತು.

ಮೊದಲನೆಯದಕ್ಕೆ: ಡೆಟ್ರಾಯಿಟ್‌ನ 'ಫೋರ್ ಏಮ್ಸ್' ಗುಂಪು, 'ಏಮ್ಸ್ ಬ್ರದರ್ಸ್' ಜತೆ ಗೊಂದಲ ಬೇಡ ಅಂತ 'ಫೋರ್ ಟಾಪ್ಸ್' ಆಯಿತು. ಜೆರ್ಸಿ ಸಿಟಿಯ 'ಕೂಲ್ ಅಂಡ್ ದ ಫ್ಲೇಮ್ಸ್', ಜೇಮ್ಸ್ ಬ್ರೌನ್ ಅವರ 'ಫೇಮಸ್ ಫ್ಲೇಮ್ಸ್' ಇದ್ದದ್ದರಿಂದ 'ಕೂಲ್ ಅಂಡ್ ದ ಗ್ಯಾಂಗ್' ಆಯಿತು. ಎರಡನೆಯದಕ್ಕೆ: 'ಜಾಕ್ಸನ್ ಫೈವ್' 1970ರ ದಶಕದ ನಡುವೆ ಮೋಟೌನ್ ಅನ್ನುವ ರೆಕಾರ್ಡು ಕಂಪನಿ ಬಿಟ್ಟಾಗ ಹೆಸರು ಅಲ್ಲೇ ಉಳಿಯಿತು. ಅಣ್ಣತಮ್ಮಂದಿರು ಎಪಿಕ್ ಕಂಪನಿಗೆ ಹೋಗಿ 'ಜಾಕ್ಸನ್ಸ್' ಆದರು. ಗಾಯಕ ಜಾರ್ಜ್ ಕ್ಲಿಂಟನ್ ತಮ್ಮ 'ಪಾರ್ಲಮೆಂಟ್ಸ್' ಗುಂಪಿನ ಹೆಸರು ಬಳಸಲಾಗದೆ ಹಿಂದೆ ನುಡಿಸುವ ಹುಡುಗರನ್ನೇ ಮುಂದೆ ತಂದು 'ಫಂಕಡೆಲಿಕ್' ಅಂತ ರೆಕಾರ್ಡು ಮಾಡಿದರು.

ಎರಡಕ್ಕೂ ಸೇರದೆ ಪರೀಕ್ಷೆಯಲ್ಲಿ ಕಾಡುವ ಜೋಡಿ ಒಂದಿದೆ. 'ಪ್ರೈಮ್ಸ್' ಅನ್ನುವ ಹುಡುಗರ ಗುಂಪಿಗೆ ತಂಗಿ ಗುಂಪಾಗಿ 1959ರಲ್ಲಿ 'ಪ್ರೈಮೆಟ್ಸ್' ಹುಟ್ಟಿತು. ಪ್ರೈಮೆಟ್ಸ್ 1961ರಲ್ಲಿ 'ಸುಪ್ರೀಮ್ಸ್' ಆದರು. ಪ್ರೈಮ್ಸ್‌ನ ಎಡ್ಡೀ ಕೆಂಡ್ರಿಕ್ಸ್, ಪಾಲ್ ವಿಲಿಯಮ್ಸ್ ಇಬ್ಬರೂ ಓಟಿಸ್ ವಿಲಿಯಮ್ಸ್ ಅವರ ಗುಂಪಿನ ಜತೆ ಸೇರಿ ಅದೇ ವರ್ಷ 'ಟೆಂಪ್ಟೇಷನ್ಸ್' ಆದರು. ಎರಡೂ ಮೋಟೌನ್‌ಗೇ ಬಂದವು.

ಡೆಟ್ರಾಯಿಟ್: ಹಾಡುವವರು ಹಲವರು, ನುಡಿಸುವವರು ಒಂದೇ ತಂಡ

ಬೆರಿ ಗಾರ್ಡಿ ಲಿಂಕನ್-ಮರ್ಕ್ಯುರಿ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಕೆಲಸ ಮಾಡಿದವರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದು ಮೋಟೌನ್ ಕಂಪನಿ ಶುರು ಮಾಡಿದರು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಮನೆಯೊಂದೇ ಸ್ಟುಡಿಯೊ. ಒಳಗೆ 'ಫಂಕ್ ಬ್ರದರ್ಸ್' ಅನ್ನುವ ನುಡಿಸುವವರ ತಂಡ: ಬೇಸ್ ಗಿಟಾರ್‌ಗೆ ಜೇಮ್ಸ್ ಜೇಮರ್ಸನ್, ಡ್ರಮ್‌ಗೆ ಬೆನ್ನಿ ಬೆಂಜಮಿನ್, ಕೀಬೋರ್ಡಿಗೆ ಅರ್ಲ್ ವ್ಯಾನ್ ಡೈಕ್. ಸುಪ್ರೀಮ್ಸ್ ಹಾಡಿದರೂ ಇವರೇ, ಟೆಂಪ್ಟೇಷನ್ಸ್ ಹಾಡಿದರೂ ಇವರೇ. ರೆಕಾರ್ಡಿನ ಮೇಲೆ ಇವರ ಹೆಸರು ಇರುತ್ತಿರಲಿಲ್ಲ. ಇದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ.

ಸುಪ್ರೀಮ್ಸ್ ಮೊದಲ ಮೂರು ವರ್ಷ ಹೇಳಿಕೊಳ್ಳುವಂಥದ್ದು ಏನೂ ಮಾಡಲಿಲ್ಲ. ಕಂಪನಿಯೊಳಗೇ ಅವರನ್ನು 'ಹಿಟ್ಟೇ ಇಲ್ಲದ ಸುಪ್ರೀಮ್ಸ್' ಅಂತ ಆಡಿಕೊಳ್ಳುತ್ತಿದ್ದರು. 1964ರಲ್ಲಿ ಹಾಲಂಡ್, ಡೋಜಿಯರ್, ಹಾಲಂಡ್ ಮೂವರು ಬರೆದ 'ವೇರ್ ಡಿಡ್ ಅವರ್ ಲವ್ ಗೋ' ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿಂದ ಸಾಲಾಗಿ ಐದು ಹಾಡು ಮೊದಲ ಸ್ಥಾನ. ಆ ಹಾಡಿನ ಶುರುವಿನಲ್ಲಿ ಧಪ್ ಧಪ್ ಅಂತ ಒಂದು ಸದ್ದು ಬರುತ್ತದಲ್ಲ, ಅದು ಡ್ರಮ್ ಅಲ್ಲ, ಮರದ ಹಲಗೆ ಮೇಲೆ ಕಾಲಲ್ಲಿ ಬಡಿದದ್ದು. ಈ ಸದ್ದು ನೆನಪಿರಲಿ, ಕೆಳಗೆ ಬೇಕಾಗುತ್ತದೆ.

ಸ್ಪಿನ್ನರ್ಸ್: ಊರು ಬದಲಿಸಿದರೆ ಏನಾಗುತ್ತದೆ

ಒಂದೇ ಗುಂಪನ್ನು ಓದಲು ಹೊತ್ತಿದ್ದರೆ ಸ್ಪಿನ್ನರ್ಸ್ ಓದಿ. ಡೆಟ್ರಾಯಿಟ್ ಪಕ್ಕದ ಫರ್ನ್‌ಡೇಲ್‌ನವರು. 1961ರಲ್ಲಿ ಟ್ರೈ-ಫೈ ಅನ್ನುವ ಸಣ್ಣ ಕಂಪನಿಯಲ್ಲಿ ಮೊದಲ ಹಿಟ್. ಆ ಕಂಪನಿಯನ್ನು ಮೋಟೌನ್ ನುಂಗಿತು, ಇವರೂ ಮೋಟೌನ್ ಪಾಲಾದರು. ಅಲ್ಲಿ ಇವರ ಸರದಿ ಬರಲೇ ಇಲ್ಲ. ಬೇರೆ ಗುಂಪುಗಳಿಗೆ ಕಾರು ಓಡಿಸಿದರು, ಪ್ರವಾಸದಲ್ಲಿ ಜತೆಗೆ ಹೋದರು, ಪಾರ್ಸೆಲ್ ಕಟ್ಟಿದರು. ದೊಡ್ಡ ಹಿಟ್ ಅಂತ ಸಿಕ್ಕಿದ್ದು 1970ರಲ್ಲಿ, ಅದೂ ಮೋಟೌನ್ ಗಾಯಕ ಸ್ಟೀವೀ ವಂಡರ್ ಕೈ ಹಾಕಿದ್ದಕ್ಕೆ.

1972ರಲ್ಲಿ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅವರ ಮಾತು ಕೇಳಿ ಅಟ್ಲಾಂಟಿಕ್ ಕಂಪನಿಗೆ ಹೋದರು. ಅಲ್ಲಿ ಇವರನ್ನು ವಹಿಸಿಕೊಂಡದ್ದು ಫಿಲಡೆಲ್ಫಿಯಾದ ನಿರ್ಮಾಪಕ ಥಾಮ್ ಬೆಲ್. ಸಿಗ್ಮಾ ಸೌಂಡ್ ಸ್ಟುಡಿಯೊ, ಹಿಂದೆ ಹೊಸ ವಾದ್ಯದವರು, ಅದೇ ವರ್ಷ 'ಐಲ್ ಬಿ ಅರೌಂಡ್'. ಅಲ್ಲಿಂದ ಸಾಲು ಸಾಲು ಹಿಟ್. ಗಾಯಕ ಜಿ. ಸಿ. ಕ್ಯಾಮೆರಾನ್ ಮೋಟೌನ್‌ನಲ್ಲೇ ಉಳಿದು ಅವರ ಜಾಗಕ್ಕೆ ಫಿಲಿಪೆ ವಿನ್ ಬಂದರು, ನಿಜ. ಆದರೆ ಉಳಿದವರು ಹಳಬರೇ. ಹೋದದ್ದು ಡೆಟ್ರಾಯಿಟ್‌ನ ವಾದ್ಯದವರು, ಬಂದದ್ದು ಫಿಲಡೆಲ್ಫಿಯಾದವರು. ತಮಾಷೆ ಏನೆಂದರೆ, ಬ್ರಿಟನ್‌ನಲ್ಲಿ ಸ್ಪಿನ್ನರ್ಸ್ ಅನ್ನುವ ಜಾನಪದ ಗುಂಪು ಮೊದಲೇ ಇತ್ತು. ಹಾಗಾಗಿ ಫಿಲಡೆಲ್ಫಿಯಾ ರೆಕಾರ್ಡುಗಳ ಮೇಲೂ ಅಲ್ಲಿ ಇವರು 'ಡೆಟ್ರಾಯಿಟ್ ಸ್ಪಿನ್ನರ್ಸ್'!

ನಾಲ್ಕು ಪೆಟ್ಟಿನ ಗೊಂದಲ (ಇದನ್ನು ನಿಧಾನವಾಗಿ ಓದಿ)

ಡಿಸ್ಕೋ ಬಗ್ಗೆ ಎಲ್ಲಿ ಓದಿದರೂ 'ಫೋರ್ ಆನ್ ದ ಫ್ಲೋರ್' ಅಂತ ಬರೆದಿರುತ್ತದೆ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಎಣಿಕೆಗೂ ಪೆಟ್ಟು. ಸರಿ. ಆದರೆ ಮೋಟೌನ್‌ನಲ್ಲೂ ನಾಲ್ಕಕ್ಕೂ ಪೆಟ್ಟಿದೆ ಅಲ್ವಾ? ಮೇಲೆ ಹೇಳಿದ ಹಲಗೆ ಸದ್ದು ನಾಲ್ಕೂ ಎಣಿಕೆಗೆ ಬೀಳುತ್ತದೆ. ಫೋರ್ ಟಾಪ್ಸ್ 1965ರಲ್ಲಿ ಹಾಡಿದ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್' ಕೇಳಿ, ಸ್ನೇರ್ (ಕೋಲಲ್ಲಿ ಬಾರಿಸುವ, ಚುರುಕು ಸದ್ದಿನ ಡ್ರಮ್) ನಾಲ್ಕಕ್ಕೂ ಹೊಡೆಯುತ್ತದೆ. ಹಾಗಾದರೆ ಫಿಲಡೆಲ್ಫಿಯಾದಲ್ಲಿ ಹೊಸದೇನು? ಎಷ್ಟು ಪೆಟ್ಟು ಅಂತ ಎಣಿಸುತ್ತಾ ಕೂತರೆ ಇದು ಬಿಡಿಸಿಕೊಳ್ಳುವುದೇ ಇಲ್ಲ.

ಎಣಿಕೆ ಅದೇ, ಹೊಡೆಯುವ ಡ್ರಮ್ ಬೇರೆ. ಮೋಟೌನ್‌ನಲ್ಲಿ ಆ ನಾಲ್ಕು ಪೆಟ್ಟು ಮೇಲಿನ ಸದ್ದುಗಳಲ್ಲಿತ್ತು: ಸ್ನೇರ್, ಟ್ಯಾಂಬರೀನ್, ಚಪ್ಪಾಳೆ, ಹಲಗೆ. ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್ ಅದನ್ನು ಕೆಳಗಿಳಿಸಿ ಕಿಕ್‌ಗೆ ಕೊಟ್ಟರು. ಕಿಕ್ ಅಂದರೆ ಬಲಗಾಲಲ್ಲಿ ಬಾರಿಸುವ ದೊಡ್ಡ ಡ್ರಮ್. ನಾಲ್ಕರ ಹೊಣೆ ಕಾಲಿಗೆ ಹೋದ ಮೇಲೆ ಸ್ನೇರ್ ಎರಡು ಮತ್ತು ನಾಲ್ಕಕ್ಕೆ ಮಾತ್ರ ಉಳಿಯಿತು. ಹೈ-ಹ್ಯಾಟ್‌ಗೆ ತನ್ನ ಆಟ ಆಡಲು ಪೂರ್ತಿ ಬಿಡುವು ಸಿಕ್ಕಿತು.

ಹೈ-ಹ್ಯಾಟ್ ಅಂದರೆ ಒಂದರ ಮೇಲೊಂದು ಕೂರಿಸಿದ ಎರಡು ತಟ್ಟೆ, ಎಡಗಾಲಿನ ಪೆಡಲ್ ಒತ್ತಿದರೆ ಮುಚ್ಚುತ್ತವೆ, ಬಿಟ್ಟರೆ ತೆರೆಯುತ್ತವೆ. ತೆರೆದಾಗ ಬಾರಿಸಿದರೆ 'ತ್ಸ್ಸ್' ಅಂತ ಎಳೆಯುತ್ತದೆ, ಮುಚ್ಚಿದ ತಕ್ಷಣ ಕತ್ತರಿಸುತ್ತದೆ.

ಇನ್ನು ನನ್ನ ಮೆಚ್ಚಿನ ಉಪಾಯ. ಪಾಶ್ಚಾತ್ಯ ಎಣಿಕೆಯಲ್ಲಿ ಇದನ್ನು ಹಿಡಿಯಲು ಹೋಗಬೇಡಿ. ಚತುರಶ್ರ ನಡೆಯಲ್ಲಿ ಹೇಳಿಕೊಳ್ಳಿ. ಪ್ರತಿ ಎಣಿಕೆಗೂ ಒಂದು 'ತಕಧಿಮಿ':

ಕಿಕ್: ಪ್ರತಿ 'ತ'ಕ್ಕೂ.
ಸ್ನೇರ್: ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ 'ತ'ಕ್ಕೆ ಮಾತ್ರ.
ಹೈ-ಹ್ಯಾಟ್: ಪ್ರತಿ 'ಧಿ'ಗೆ ತೆರೆಯುತ್ತದೆ, ಮುಂದಿನ 'ತ'ಕ್ಕೆ ಮುಚ್ಚುತ್ತದೆ.

ಬಾಯಲ್ಲಿ ತಕಧಿಮಿ ಹೇಳುತ್ತಾ ಕಾಲಲ್ಲಿ 'ತ' ಒತ್ತಿ. 'ಧಿ' ಬಂದಾಗ ಅದನ್ನೇ 'ತ್ಸ' ಅಂತ ಹೇಳಿ. ತ-ಕ-ತ್ಸ-ಮಿ, ತ-ಕ-ತ್ಸ-ಮಿ. ಸ್ವಲ್ಪ ವೇಗ ಜಾಸ್ತಿ ಮಾಡಿ, ಅಷ್ಟೇ, ಡಿಸ್ಕೋ ಕೇಳಿಸಲು ಶುರು. ಒಂದು ಎಚ್ಚರಿಕೆ: ತಾಳ ಹಾಕಿ ಅಭ್ಯಾಸ ಇದ್ದವರಿಗೆ ಕೈ ತಾನಾಗಿ ಒಂದನೆಯ ಎಣಿಕೆಗೆ ಹೋಗುತ್ತದೆ. ಇಲ್ಲಿ ಚಪ್ಪಾಳೆ ಎರಡು, ನಾಲ್ಕಕ್ಕೆ. ಅದು ಹೊಂದದಿದ್ದರೆ ಕೈ ಕಟ್ಟಿಕೊಂಡು ಬರೀ ಕಾಲಲ್ಲಿ ಶುರು ಮಾಡಿ.

ಇದನ್ನು ಸ್ಪಷ್ಟವಾಗಿ ಕೇಳಲು ಹೆರಾಲ್ಡ್ ಮೆಲ್ವಿನ್ ಅಂಡ್ ದ ಬ್ಲೂ ನೋಟ್ಸ್ 1973ರಲ್ಲಿ ಹಾಡಿದ 'ದ ಲವ್ ಐ ಲಾಸ್ಟ್' ಹಾಕಿ. ನಿಧಾನದ ಹಾಡಾಗಬೇಕಿದ್ದದ್ದು, ಯಂಗ್ ಅದನ್ನು ಓಡಿಸಿಬಿಟ್ಟರು. ಹೈ-ಹ್ಯಾಟ್ ಎಷ್ಟು ಮುಂದಿದೆ ಅಂದರೆ ಒಮ್ಮೊಮ್ಮೆ ಗಾಯಕನಿಗಿಂತ ಅದೇ ಕೇಳುತ್ತದೆ.

ಇದು ಕ್ಲಬ್ಬುಗಳಿಗೆ ಬಹಳ ಅನುಕೂಲವಾಯಿತು. ಡಿಜೆ ಒಂದು ರೆಕಾರ್ಡು ಮುಗಿಯುವ ಮೊದಲೇ ಇನ್ನೊಂದನ್ನು ಜೋಡಿಸಬೇಕು. ಕಿಕ್ ಎಲ್ಲೆಲ್ಲೋ ಬಿದ್ದರೆ ಎರಡು ರೆಕಾರ್ಡು ಜಗಳವಾಡುತ್ತವೆ, ಪ್ರತಿ ಎಣಿಕೆಗೂ ಬಿದ್ದರೆ ಒಂದರೊಳಗೊಂದು ಸರಿಯುತ್ತವೆ. ಉದ್ದನೆಯ ಹಾಡು ಬೇಕಾಯಿತು, ಹನ್ನೆರಡು ಇಂಚಿನ ಸಿಂಗಲ್ (ಒಂದು ಬದಿಗೆ ಒಂದೇ ಹಾಡಿನ ದೊಡ್ಡ ರೆಕಾರ್ಡು) ಬಂತು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲನೆಯದು 1976ರಲ್ಲಿ, ಸಾಲ್‌ಸೋಲ್ ಕಂಪನಿಯಿಂದ, ಡಬಲ್ ಎಕ್ಸ್‌ಪೋಷರ್ ಗುಂಪಿನ 'ಟೆನ್ ಪರ್ಸೆಂಟ್'. ಹಾಡಿದವರೂ ಫಿಲಡೆಲ್ಫಿಯಾದವರೇ.

ಯಂಗ್ ಬರೀ ಹಿಂದೆ ಕೂತವರಲ್ಲ. ಟ್ರ್ಯಾಂಪ್ಸ್ ಗುಂಪಿನಲ್ಲಿ ಕೆಳದನಿಯ ಗಾಯಕರೂ ಹೌದು. ಆ ಗುಂಪಿನ 1976ರ 'ಡಿಸ್ಕೋ ಇನ್‌ಫರ್ನೊ' ಮರುವರ್ಷ ಸಿನಿಮಾಕ್ಕೆ ಸೇರಿ ಲೋಕವೆಲ್ಲ ಓಡಿತು.

ತಾವೇ ನುಡಿಸುವ ಗುಂಪುಗಳು

ಕೂಲ್ ಅಂಡ್ ದ ಗ್ಯಾಂಗ್, ಅರ್ತ್ ವಿಂಡ್ ಅಂಡ್ ಫೈರ್, ಕಮೊಡೋರ್ಸ್. ಇವರಿಗೆ ಊರಿನ ಸ್ಟುಡಿಯೊ ತಂಡ ಬೇಡ. ಕಮೊಡೋರ್ಸ್ ಟಸ್ಕೀಗಿ ಕಾಲೇಜಿನ ಹುಡುಗರು, 1968. ಅರ್ತ್ ವಿಂಡ್ ಅಂಡ್ ಫೈರ್ ಕಟ್ಟಿದ ಮಾರಿಸ್ ವೈಟ್, ಷಿಕಾಗೋದ ಚೆಸ್ ಕಂಪನಿಯಲ್ಲಿ ಡ್ರಮ್ ಬಾರಿಸಿದವರು. ಕೂಲ್ ಅವರದು 1964ರಲ್ಲಿ 'ಜಾಜಿಯಾಕ್ಸ್' ಅಂತ ಜಾಜ್‌ನಲ್ಲಿ ಶುರುವಾದ ಗುಂಪು. ಆಮೇಲೆ ಫಂಕ್, ಅಂದರೆ ಭಾರವೆಲ್ಲ ಒಂದನೆಯ 'ತ'ದ ಮೇಲೆ, ಉಳಿದ ಕಡೆ ಕಿಕ್ ಆಟವಾಡುತ್ತದೆ. ಡಿಸ್ಕೋ ಬಂದಾಗ ಇವರ ಮಾರ್ಕೆಟ್ ಬಿತ್ತು. 1979ರಲ್ಲಿ ಗಾಯಕ ಜೆ. ಟಿ. ಟೇಲರ್ ಮತ್ತು ನಿರ್ಮಾಪಕ ಡಿಯೊಡಾಟೊ ಸೇರಿದ ಮೇಲೆ 'ಲೇಡೀಸ್ ನೈಟ್', ಮರುವರ್ಷ 'ಸೆಲೆಬ್ರೇಷನ್'. ಮೊದಲಿನ ಫಂಕ್ ನನಗೆ ಹೆಚ್ಚು ಇಷ್ಟ. ಮದುವೆ ಮನೆಗಳಿಗೆ ಮಾತ್ರ ಎರಡನೆಯದೇ ಬೇಕು.

ಶೀಕ್: ಬೇಸ್‌ಗೆ ಸಿಕ್ಕಿದ ಬಿಡುವು

ನೈಲ್ ರಾಜರ್ಸ್ (ಗಿಟಾರ್), ಬರ್ನಾರ್ಡ್ ಎಡ್ವರ್ಡ್ಸ್ (ಬೇಸ್). ನ್ಯೂಯಾರ್ಕ್‌ನ ಒಂದು ಹಾಡುವ ಗುಂಪಿಗೆ ಹಿಂದೆ ನುಡಿಸುತ್ತಿದ್ದವರು. ಹೆಸರು 'ಬಿಗ್ ಆ್ಯಪಲ್ ಬ್ಯಾಂಡ್'. 1976ರಲ್ಲಿ ವಾಲ್ಟರ್ ಮರ್ಫಿ ಅವರ ಬಿಗ್ ಆ್ಯಪಲ್ ಬ್ಯಾಂಡ್ ಬೀಥೋವನ್‌ನನ್ನು ಡಿಸ್ಕೋ ಮಾಡಿ ಹಿಟ್ ಆಯಿತು, ಇವರ ಹೆಸರು ಹೋಯಿತು. (ಮೊದಲ ಕಾರಣ, ಮತ್ತೆ.) 1977ರಲ್ಲಿ 'ಶೀಕ್' ಆದರು. ಆ ವರ್ಷದ ಕೊನೆ ರಾತ್ರಿ ಸ್ಟುಡಿಯೊ 54 ಕ್ಲಬ್ಬಿನ ಬಾಗಿಲಲ್ಲಿ ಒಳಗೆ ಬಿಡಲಿಲ್ಲ. ಮನೆಗೆ ಹೋಗಿ ಸಿಟ್ಟಿನಲ್ಲಿ ಬೈಗುಳ ಹಾಡುತ್ತಾ ಕಟ್ಟಿದ್ದು, ಬೈಗುಳ ತೆಗೆದ ಮೇಲೆ, 1978ರ 'ಲ ಫ್ರೀಕ್' ಆಯಿತು.

ಇಲ್ಲಿ ಗಮನಿಸಬೇಕಾದ್ದು ಬೇಸ್. ಡ್ರಮ್ಮರ್ ಟೋನಿ ಥಾಂಪ್ಸನ್ ಅವರ ಕಿಕ್ ಲಯ ಹಿಡಿದಿರುವುದರಿಂದ ಬೇಸ್ ಆ ಕೆಲಸಕ್ಕೆ ನಿಲ್ಲಬೇಕಿಲ್ಲ. ಅದು ಮಾತಾಡಬಹುದು, ಸುಮ್ಮನಿರಬಹುದು. ತಕಧಿಮಿಯ ನಾಲ್ಕೂ ಅಕ್ಷರ ರಾಜರ್ಸ್ ಅವರ ಬಲಗೈಗೆ ಹೋಗಿವೆ: ಗಿಟಾರ್ ಇಡೀ ಹಾಡು ಚಿಕಿಚಿಕಿ ಅನ್ನುತ್ತಲೇ ಇರುತ್ತದೆ. ಫಿಲಡೆಲ್ಫಿಯಾದ ಅಕ್ಕತಂಗಿಯರ ಗುಂಪು ಸಿಸ್ಟರ್ ಸ್ಲೆಡ್ಜ್ 1971ರಿಂದ ಹಾಡುತ್ತಿದ್ದರೂ, ದೊಡ್ಡ ಹೆಸರು ಬಂದದ್ದು 1979ರಲ್ಲಿ, ಈ ಜೋಡಿ ಬರೆದು ನುಡಿಸಿದ ಮೇಲೆ. ಸ್ಪಿನ್ನರ್ಸ್ ಕಥೆಯ ಪಕ್ಕದಲ್ಲಿಟ್ಟು ಓದಿ.

1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಆಗಸ್ಟ್‌ನಲ್ಲಿ ಶೀಕ್ ಅವರ 'ಗುಡ್ ಟೈಮ್ಸ್' ಮೊದಲ ಸ್ಥಾನಕ್ಕೆ ಬಂತು. ಅದೇ ವರ್ಷ ಅದರ ಬೇಸ್ ಸಾಲಿನ ಮೇಲೆ ಷುಗರ್‌ಹಿಲ್ ಗ್ಯಾಂಗ್ 'ರ‍್ಯಾಪರ್ಸ್ ಡಿಲೈಟ್' ಮಾಡಿತು. ಮುಂದಿನ ಅಭ್ಯಾಸಕ್ಕೆ ಇವೆರಡನ್ನೂ ಒಂದರ ಹಿಂದೆ ಒಂದು ಕೇಳಿ: 'ಗುಡ್ ಟೈಮ್ಸ್'ನಲ್ಲಿ ಹಾಡುವವರು ನಿಂತು ಬೇಸ್ ಒಂದೇ ಉಳಿಯುವ ಜಾಗ ಸಿಕ್ಕರೆ, ರ‍್ಯಾಪ್ ಮಾಡುವವರು ಯಾವ ಜಾಗಕ್ಕೆ ಕೈ ಹಾಕಿದರು ಅನ್ನುವುದೂ ಸಿಗುತ್ತದೆ.