ಪ್ರಾಂಶುಪಾಲರು ಯಾವ ಬಾಗಿಲಿನಿಂದ ಬಂದರು?

ಹೊಸ ಪ್ರಾಂಶುಪಾಲರ ವರ್ಗಾವಣೆ ಆದೇಶ ಬಂದ ದಿನ ಶಿಕ್ಷಕರಿಗೆ ತರಬೇತಿ ಕೊಡುವ ನಮ್ಮ ಡಯಟ್‌ನ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದಕ್ಕೆ ಮುಂಚೆ ಎಲ್ಲಿದ್ದರಂತೆ?" ತಾಲ್ಲೂಕಿನ ಶಾಲೆಗಳ ಆಡಳಿತ ನೋಡುವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿದ್ದರು ಎಂದು ತಿಳಿದರೆ ಗುಮಾಸ್ತರು ಬಾಕಿ ಕಡತಗಳ ದೂಳು ಕೊಡವತೊಡಗುತ್ತಾರೆ. ಪ್ರೌಢಶಾಲೆಯ ಮುಖ್ಯ ಶಿಕ್ಷಕರಾಗಿದ್ದು ಬಡ್ತಿ ಪಡೆದವರು ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಹೊರಗೆ ಬರುತ್ತದೆ. ಡಯಟ್‌ನಲ್ಲಿ ಮೊದಲು ಉಪನ್ಯಾಸಕನಾಗಿ, ಆಮೇಲೆ ಹಿರಿಯ ಉಪನ್ಯಾಸಕನಾಗಿ ಹದಿನಾಲ್ಕು ವರ್ಷ ಕಳೆದ ನಾನು ಆರು ಮಂದಿ ಪ್ರಾಂಶುಪಾಲರನ್ನು ಕಂಡಿದ್ದೇನೆ. ಆ ಪ್ರಶ್ನೆಯ ಉತ್ತರ ಕೇಳಿದ ಕೂಡಲೇ ಮುಂದಿನ ಎರಡು ವರ್ಷ ಹೇಗಿರುತ್ತದೆಂದು ಲೆಕ್ಕ ಹಾಕುತ್ತಿದ್ದೆ. ಐದು ಸಲ ಲೆಕ್ಕ ಸರಿಯಾಗಿತ್ತು.

ಡಯಟ್ ಎಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ್ದು. 1989ರಲ್ಲಿ ಬಂದ ಮಾರ್ಗಸೂಚಿಗೆ ಗುಲಾಬಿ ಬಣ್ಣದ ರಕ್ಷಾಪುಟವಿದ್ದುದರಿಂದ ಅದು ಗುಲಾಬಿ ಪುಸ್ತಕವೆಂದೇ ಹೆಸರಾಯಿತು. ಅದರಲ್ಲಿ ಡಯಟ್‌ಗೆ ಏಳು ವಿಭಾಗಗಳನ್ನು ಹೇಳಿದ್ದಾರೆ. ಗುರಿ ಮುಖ್ಯವಾಗಿ ಪ್ರಾಥಮಿಕ ಶಿಕ್ಷಣ, ಜೊತೆಗೆ ವಯಸ್ಕರ ಶಿಕ್ಷಣ. ನಮ್ಮ ರಾಜ್ಯದಲ್ಲಿ ಡಯಟ್ ಪ್ರಾಂಶುಪಾಲರೇ ಉಪನಿರ್ದೇಶಕರು (ಅಭಿವೃದ್ಧಿ) ಕೂಡ. ಜಿಲ್ಲೆಯಲ್ಲಿ ಇನ್ನೊಬ್ಬ ಉಪನಿರ್ದೇಶಕರಿದ್ದಾರೆ, ಅವರದು ಆಡಳಿತ. ಇಬ್ಬರ ದರ್ಜೆಯೂ ಒಂದೇ. ಆದರೆ ನೋಟಿಸು, ಅಮಾನತು, ನಿಯೋಜನೆಯ ಕಾಗದಗಳೆಲ್ಲ ಆಡಳಿತದವರ ಮೇಜಿಗೆ ಹೋಗುತ್ತವೆ. ಅಭಿವೃದ್ಧಿಯವರ ಕೈಯಲ್ಲಿ ಉಳಿಯುವುದು ತರಬೇತಿ, ಅದಕ್ಕೆ ಬೇಕಾದ ಕೈಪಿಡಿ-ಸಾಮಗ್ರಿಗಳ ರಚನೆ, ಶಾಲಾ ಭೇಟಿ. ಊರಿನ ಜನ ವಿಳಾಸ ಕೇಳಿಕೊಂಡು ಹೋಗುವುದು ಯಾವ ಕಚೇರಿಗೆ ಎಂದು ಬೇರೆ ಹೇಳಬೇಕಾಗಿಲ್ಲ. ಕೆಲವು ಡಯಟ್‌ಗಳು ಜಿಲ್ಲಾ ಕೇಂದ್ರದಲ್ಲೂ ಇಲ್ಲ: ಕೊಡಗಿನದು ಕೂಡಿಗೆಯಲ್ಲಿದೆ, ಬಾಗಲಕೋಟೆಯದು ಇಳಕಲ್ಲಿನಲ್ಲಿ, ಉತ್ತರ ಕನ್ನಡದ್ದು ಕುಮಟಾದಲ್ಲಿ.

ಅಂದರೆ ಈ ಕುರ್ಚಿಯಲ್ಲಿ ಕೂತವರು ಯಾರಿಗೂ ಅಪ್ಪಣೆ ಕೊಡಲಾರರು, ಒಪ್ಪಿಸಬೇಕು. ಆದರೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವೃತ್ತಿಯುದ್ದಕ್ಕೂ ಅಪ್ಪಣೆ ಕೊಟ್ಟೇ ಅಭ್ಯಾಸವಾದವರು. ಬಿಇಒ ಹುದ್ದೆಯೂ ಹಿರಿಯ ಉಪನ್ಯಾಸಕರ ಹುದ್ದೆಯೂ ಸಮಾನ ದರ್ಜೆಯವು. ಇಂದು ಅಲ್ಲಿ, ನಾಳೆ ಇಲ್ಲಿ. ತಾಲ್ಲೂಕನ್ನು ಆಳಿದವರು ಡಯಟ್‌ಗೆ ಬಂದಾಗ ಮೊದಲ ಕೆಲವು ತಿಂಗಳು ಶಿಕ್ಷೆ ಅನುಭವಿಸುವವರಂತೆ ಇರುತ್ತಾರೆ. ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಗಳ ಸಭೆ ಕರೆದು "ಮಾಹಿತಿ ನಾಳೆ ಸಂಜೆಯೊಳಗೆ ಬರಬೇಕು" ಎನ್ನುತ್ತಾರೆ. ಮಾಹಿತಿ ಬರುತ್ತದೆ, ಕೆಲಸ ಆಗುವುದಿಲ್ಲ. ಕೆಪಿಎಸ್‌ಸಿ ಪರೀಕ್ಷೆ ಬರೆದು ನೇರವಾಗಿ ಕೆಇಎಸ್‌ಗೆ (ಕರ್ನಾಟಕ ಶಿಕ್ಷಣ ಸೇವೆಗೆ) ಬಂದವರು ನಿಯಮಗಳಲ್ಲಿ ಚುರುಕು. ಕಡತ ಅವರ ಮೇಜಿನ ಮೇಲೆ ಒಂದು ರಾತ್ರಿಯೂ ಮಲಗುವುದಿಲ್ಲ. ಅವರ ಬಗ್ಗೆ ನನಗೆ ದೂರಿಲ್ಲ.

ನನಗೆ ದೂರಿರುವುದು ನನ್ನಂಥವರ ಮೇಲೆಯೇ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು, ಎಂ.ಎಡ್. ಮಾಡಿದವನು. ಡಯಟ್‌ಗೆ ಬಂದ ಮೊದಲ ವರ್ಷವೇ ನಲಿ-ಕಲಿ (ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಶಿಕ್ಷಕರ ತರಬೇತಿಯ ಹೊಣೆ ನನ್ನ ತಲೆಗೆ ಬಂತು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯನ್ನು ಗೋಡೆಗೆ ಅಂಟಿಸಿ, ಐದು ಗುಂಪುಗಳು ಐದು ತಟ್ಟೆಗಳ ಸುತ್ತ ಹೇಗೆ ಕೂರಬೇಕು, ಕಾರ್ಡಿನಲ್ಲಿ ಯಾವ ಲೋಗೋ (ಚಿಹ್ನೆ) ಬಂದಾಗ ಮಗು ಯಾವ ತಟ್ಟೆಯ ಗುಂಪಿಗೆ ಹೋಗಬೇಕು ಎಂದು ಮುಕ್ಕಾಲು ಗಂಟೆ ವಿವರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತರು. "ಸರ್, ಸ್ವಕಲಿಕೆ ಗುಂಪಿನಲ್ಲಿರುವ ಮಗು ಕಾರ್ಡನ್ನು ಬಾಯಿಗೆ ಹಾಕಿಕೊಂಡು ಕೂತಿದೆ, ನನ್ನ ತಟ್ಟೆಯಲ್ಲಿ ಇನ್ನೊಂದು ಮಗು ಅಳುತ್ತಿದೆ, ಬಿಸಿಯೂಟದ ಅಕ್ಕ ತೊಗರಿಬೇಳೆ ಅಳೆದುಕೊಡಿ ಎಂದು ಬಾಗಿಲಲ್ಲಿ ನಿಂತಿದ್ದಾರೆ. ನೀವಾಗಿದ್ದರೆ ಮೊದಲು ಯಾವುದಕ್ಕೆ ಹೋಗುತ್ತಿದ್ದಿರಿ?" ನಾನು ಕೈಪಿಡಿಯ ಪುಟ ತಿರುಗಿಸಿದೆ. ಅವರು ಬಹಳ ಮರ್ಯಾದೆಯಿಂದ ಇನ್ನೊಂದು ಪ್ರಶ್ನೆ ಕೇಳಿದರು: "ಒಂದನೇ ತರಗತಿಗೆ ಪಾಠ ಮಾಡಿದ್ದೀರಾ, ಸರ್?"

ಮಾಡಿರಲಿಲ್ಲ. ಒಂದು ದಿನವೂ ಮಾಡಿರಲಿಲ್ಲ. ಅಂದು ಆ ಕೊಠಡಿಯಲ್ಲಿ ತರಬೇತಿ ಕೊಡಲು ನಿಂತಿದ್ದ ನಾವು ಮೂವರೂ ಪ್ರೌಢಶಾಲೆಯವರು. ಎದುರಿಗೆ ನಲವತ್ತು ಜನ, ಎಲ್ಲರೂ ಆರು ವರ್ಷದ ಮಕ್ಕಳ ನಡುವೆ ದಿನ ಕಳೆಯುವವರು. ಆ ಪದ್ಧತಿಯ ಮೂಲವನ್ನು ನೆನೆದರೆ ಇನ್ನೂ ನಾಚಿಕೆಯಾಗುತ್ತದೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಪ್ರಾಥಮಿಕ ಶಾಲಾ ಶಿಕ್ಷಕರೇ ಕೂತು ಕಾರ್ಡುಗಳನ್ನು ಬರೆದರು, ಯುನಿಸೆಫ್ ನೆರವಾಯಿತು. ಅದು ರಾಜ್ಯವನ್ನೆಲ್ಲ ವ್ಯಾಪಿಸಿದ ಮೇಲೆ ಅದೇ ಶಿಕ್ಷಕರ ಮುಂದೆ ನಿಂತು ಅದನ್ನೇ ವಿವರಿಸುವ ಕೆಲಸ ನನ್ನಂಥವರಿಗೆ ಸಿಕ್ಕಿತು.

ಆ ಸಂಜೆಯ ನಂತರ ಪ್ರಾಂಶುಪಾಲರ ಅನುಮತಿ ಕೇಳಿ ಆರು ವಾರ, ವಾರಕ್ಕೆ ಎರಡು ದಿನ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡಿದೆ. ಪಾಠ ಎಂಬುದು ದೊಡ್ಡ ಮಾತು. ಮೊದಲ ವಾರ ಮೂಗು ಒರೆಸಿದೆ, ಚಪ್ಪಲಿ ಹುಡುಕಿಕೊಟ್ಟೆ. ಅನುಮತಿ ಕೊಟ್ಟ ಪ್ರಾಂಶುಪಾಲರು ಸ್ವತಃ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿ, ಸಿಆರ್‌ಪಿಯಾಗಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾಗಿ) ಬೈಕಿನಲ್ಲಿ ಊರೂರು ಸುತ್ತಿ, ಆಮೇಲೆ ಪರೀಕ್ಷೆ ಬರೆದು ಕೆಇಎಸ್ ಸೇರಿದವರು. ಶಾಲಾ ಭೇಟಿಗೆ ಹೋದರೆ ಕುರ್ಚಿ ಕೇಳುತ್ತಿರಲಿಲ್ಲ, ಚಾಪೆಯ ಮೇಲೆ ಮಕ್ಕಳ ಜೊತೆ ಕೂರುತ್ತಿದ್ದರು. ಇಂಥವರ ಕಾಲದಲ್ಲಿ ಸಂಸ್ಥೆ ಎದ್ದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ್ದೆ. ತಪ್ಪಿದ ಒಂದೇ ಲೆಕ್ಕ ಅದು. ಅವರಿಗೆ ಹಣಕಾಸು ಎಂದರೆ ತಲೆನೋವು. ಬಂದ ಹಣ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರಗಳು ಹೋಗಲಿಲ್ಲ, ಮುಂದಿನ ಕಂತು ಬರಲಿಲ್ಲ. ಬಂದದ್ದರಲ್ಲೂ ಒಂದು ಪಾಲು ಮಾರ್ಚ್ 31ರಂದು ಖಜಾನೆಗೆ ವಾಪಸಾಯಿತು. ಅವರ ಎರಡನೆಯ ವರ್ಷದಲ್ಲಿ ಯೋಜಿಸಿದ್ದ ತರಬೇತಿಗಳಲ್ಲಿ ಅರ್ಧ ನಡೆಯಲೇ ಇಲ್ಲ. ಅವರ ನಂತರ ಬಂದ ನೇರ ನೇಮಕಾತಿಯ ಅಧಿಕಾರಿ ಮೂರು ತಿಂಗಳಲ್ಲಿ ಲೆಕ್ಕಪತ್ರ ಸರಿಪಡಿಸಿದರು. ಆ ಅಧಿಕಾರಿ ಚಾಪೆಯ ಮೇಲೆ ಕೂತದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಅಮೆರಿಕದಲ್ಲಿ ಇದೇ ಬಗೆಯ ಕೆಲಸ ಮಾಡುವ ಸಂಸ್ಥೆಗಳಿವೆ. ಜಾರ್ಜಿಯಾ ರಾಜ್ಯದಲ್ಲಿ ಪ್ರಾದೇಶಿಕ ಶಿಕ್ಷಣ ಸೇವಾ ಸಂಸ್ಥೆಗಳು 16. ಅಲ್ಲಿಯೂ ನಿರ್ದೇಶಕರು ಬರುವ ರೂಢಿಯ ದಾರಿ ಶಿಕ್ಷಕ, ಪ್ರಾಂಶುಪಾಲ, ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ ಎಂಬುದೇ. ಆದರೆ ನಿರ್ದೇಶಕರನ್ನು ನೇಮಿಸುವ ಮಂಡಳಿಯಲ್ಲಿ ಆ ಸಂಸ್ಥೆಯ ಸೇವೆ ಪಡೆಯುವ ಶಾಲಾ ಜಿಲ್ಲೆಗಳ ಮುಖ್ಯಾಧಿಕಾರಿಗಳೇ ಕೂತಿರುತ್ತಾರೆ. ಊಟ ಮಾಡುವವರೇ ಅಡುಗೆಯವರನ್ನು ಆರಿಸಿಕೊಂಡ ಹಾಗೆ. ನಮ್ಮಲ್ಲಿ ವರ್ಗಾವಣೆ ಪಟ್ಟಿ ಬೆಂಗಳೂರಿನಿಂದ ಬರುತ್ತದೆ. ಆ ಜಿಲ್ಲೆಯ ಒಬ್ಬ ಪ್ರಾಥಮಿಕ ಶಿಕ್ಷಕನನ್ನೂ ಕೇಳಿರುವುದಿಲ್ಲ. ಅಲ್ಲಿನ ಇನ್ನೊಂದು ರಾಜ್ಯವಾದ ಅಯೋವಾದ ಇಂಥ ಒಂಬತ್ತು ಸಂಸ್ಥೆಗಳಲ್ಲಿ ಮಾತಿನ ಚಿಕಿತ್ಸಕರು, ಶಾಲಾ ಮನಶ್ಶಾಸ್ತ್ರಜ್ಞರು ಸಂಸ್ಥೆಯ ನೌಕರರಾಗಿಯೇ ಶಾಲೆಯಿಂದ ಶಾಲೆಗೆ ಹೋಗುತ್ತಾರೆ. ಅಧಿಕಾರವಿಲ್ಲದೆ ಕೆಲಸ ಮಾಡಿಸುವುದನ್ನು ರೂಢಿಸಿಕೊಂಡ ಜನ ಅವರು. ನಮ್ಮಲ್ಲಿ ಆ ವಿದ್ಯೆ ಇರುವುದು ಸಿಆರ್‌ಪಿಗಳ ಮತ್ತು ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿಗಳ ಬಳಿ.

ನನ್ನನ್ನು ಕೇಳಿದರೆ ಪ್ರಾಂಶುಪಾಲರ ಸೇವಾ ವಿವರದಲ್ಲಿ ಕೊನೆಯ ಹುದ್ದೆಯನ್ನು ನೋಡಿ ಪ್ರಯೋಜನವಿಲ್ಲ. ನಡುವಿನ ಸಾಲುಗಳನ್ನು ನೋಡಬೇಕು: ಎಂದಾದರೂ ಯಾರ ಮೇಲೂ ಹಿಡಿತವಿಲ್ಲದ ಹುದ್ದೆಯಲ್ಲಿ ಇದ್ದರೇ? ತಾವೇ ತರಬೇತಿಯ ಹಿಂದಿನ ಸಾಲಿನಲ್ಲಿ ಕೂತಿದ್ದರೇ? ಕೂತಿದ್ದರೆ, ಅವರ ಪಕ್ಕಕ್ಕೆ ಒಬ್ಬ ಗಟ್ಟಿ ಲೆಕ್ಕ ಅಧೀಕ್ಷಕರನ್ನು ಕೊಡಬೇಕು.

ಅಂದು ಪ್ರಶ್ನೆ ಕೇಳಿದ ಶಿಕ್ಷಕಿ ಮುಂದೆ ಪರೀಕ್ಷೆ ಬರೆದು ಸಿಆರ್‌ಪಿ ಆದರು. ಅವರ ಕ್ಲಸ್ಟರಿನ ಸಮಾಲೋಚನಾ ಸಭೆಗಳಿಗೆ ಪಕ್ಕದ ಕ್ಲಸ್ಟರಿನವರೂ ಬಂದು ಕೂರುತ್ತಿದ್ದರು. ಅವಧಿ ಮುಗಿಯಿತು, ಒಂದನೇ ತರಗತಿಗೆ ಮರಳಿದರು. ಅಲ್ಲಿಂದ ಬಡ್ತಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದರೆ, ಡಯಟ್ ಪ್ರಾಂಶುಪಾಲರ ಕೊಠಡಿ ಸಿಗುವ ಎಷ್ಟೋ ಮೊದಲೇ ಅವರಿಗೆ ಅರವತ್ತು ತುಂಬುತ್ತದೆ.