ಮುಚ್ಚಿದವರು ಒಬ್ಬರು, ಕಿತ್ತವರು ಇನ್ನೊಬ್ಬರು: ಮರದ ಪೆಟ್ಟಿಗೆಯ ಮೊಳೆ, ಸ್ಕ್ರೂ, ಪಟ್ಟಿಗಳ ಹಿಂದಿನ ಕತೆ

ಕಾಶ್ಮೀರದ ಸೇಬು ಬರುವ ಕಾಲದಲ್ಲಿ ಬೆಂಗಳೂರಿನ ಯಾವುದಾದರೂ ಹಣ್ಣಿನ ಮಂಡಿಗೆ ಹೋಗಿ ನೋಡಿ. ಪಾಪ್ಲರ್ ಮರದ ತೆಳು ಹಲಗೆಯ ಪೆಟ್ಟಿಗೆಗಳು ಸಾಲಾಗಿ ಇರುತ್ತವೆ. ಕೆಲಸದ ಹುಡುಗ ಮುಚ್ಚಳದ ಸಂದಿಗೆ ಸಲಾಕೆ ತೂರಿಸಿ ಒಂದು ಸಲ ಮೀಟುತ್ತಾನೆ, ಮೊಳೆ ಸಮೇತ ಹಲಗೆ ಮೇಲೆ ಬರುತ್ತದೆ. ಇಷ್ಟು ಸಲೀಸಾಗಿ ಕಿತ್ತು ಬಂದ ಆ ಮೊಳೆ, ಸುಮಾರು 3,000 ಕಿಲೋಮೀಟರ್ ಲಾರಿಯ ಕುಲುಕಾಟಕ್ಕೆ ಜಗ್ಗಿರಲಿಲ್ಲ.

ಎಲ್ಲ ಪೆಟ್ಟಿಗೆಗಳೂ ಹೀಗೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಹೊರದೇಶದಿಂದ ಬಂದ ಮೆಷಿನ್ನಿನ ಪೆಟ್ಟಿಗೆ ತೆರೆದು ನೋಡಿದವರಿಗೆ ಗೊತ್ತು. ಅರ್ಧ ದಿನ ಬೇಕು, ಒಂದೆರಡು ಹಲಗೆ ಸೀಳುತ್ತವೆ, ಯಾರದ್ದಾದರೂ ಕೈಗೆ ಗಾಯ ಆಗಿಯೇ ಆಗುತ್ತದೆ. ಕಾರಣ ಸರಳ. ಕಳಿಸುವವನಿಗೆ ಮುಚ್ಚಳ ಅಲುಗಾಡಬಾರದು, ತೆಗೆದುಕೊಳ್ಳುವವನಿಗೆ ಅದು ಬೇಗ ಬಿಚ್ಚಿಕೊಳ್ಳಬೇಕು. ಮೊಳೆಗೆ ದುಡ್ಡು ಕೊಡುವವನು ಕಳಿಸುವವನು. ಹಾಗಾಗಿ ಅವನ ಮಾತೇ ನಡೆಯುತ್ತದೆ. ಮುಚ್ಚುವುದೂ ತೆರೆಯುವುದೂ ಒಬ್ಬರದೇ ಪಾಡಾದಾಗ ಮಾತ್ರ ತೆರೆಯುವವನ ಕಷ್ಟ ಯಾರಿಗಾದರೂ ನೆನಪಾಗಿದೆ.

ಮೊದಲು ಮೊಳೆಯ ವಿಷಯ. 18ನೇ ಶತಮಾನದ ಕೊನೆಯವರೆಗೂ ಮೊಳೆ ಅಗ್ಗದ ವಸ್ತುವಾಗಿರಲಿಲ್ಲ. ಕಮ್ಮಾರ ಒಂದೊಂದನ್ನೇ ಕಾಯಿಸಿ ಬಡಿದು ಮಾಡಬೇಕಿತ್ತು. 17ನೇ ಶತಮಾನದ ವರ್ಜೀನಿಯಾದಲ್ಲಿ ಜನ ಊರು ಬಿಡುವಾಗ ಹಳೆ ಮನೆಗೆ ಬೆಂಕಿ ಇಟ್ಟು ಬೂದಿಯಿಂದ ಮೊಳೆ ಆರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಬಾರದು ಅಂತ ಅಲ್ಲಿ ಕಾನೂನನ್ನೇ ತರಬೇಕಾಯಿತು. 1790ರ ದಶಕದಲ್ಲಿ ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸುವ ಯಂತ್ರಗಳು ಬಂದವು. ನೂರು ವರ್ಷದ ನಂತರ ಉಕ್ಕಿನ ತಂತಿಯಿಂದ ಮಾಡುವ, ನಾವೀಗ ನೋಡುವ ಗುಂಡು ಮೊಳೆ ಅದನ್ನೂ ಹಿಂದೆ ಹಾಕಿತು. ಮೊಳೆ ಅಗ್ಗವಾದ ಮೇಲೆ ಪೆಟ್ಟಿಗೆಯೂ ಅಗ್ಗವಾಯಿತು. ಒಂದೇ ಸಲ ಬಳಸಿ ಒಡೆದು ಬಿಸಾಡುವ ಮರದ ಪೆಟ್ಟಿಗೆ ಸಾಧ್ಯವಾಗಿದ್ದು ಆಮೇಲೆಯೇ.

ಮೊಳೆ ಮರವನ್ನು ಹಿಡಿಯುವುದು ಹೇಗೆ? ಹೊಡೆದಾಗ ಅದು ಮರದ ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಎಳೆಗಳು ವಾಪಸ್ ಬರಲು ನೋಡುತ್ತಾ ಮೊಳೆಯ ಮೈಯನ್ನು ಒತ್ತುತ್ತವೆ. ಆ ಒತ್ತಡ, ಉಜ್ಜಾಟ ಅಷ್ಟೇ ಹಿಡಿತ. ಹಸಿ ಮರಕ್ಕೆ ಹೊಡೆದರೆ ಮರ ಒಣಗುತ್ತಾ ಮೊಳೆಯ ಸುತ್ತ ಸಡಿಲವಾಗುತ್ತದೆ. ಹಲಗೆಯ ಕೊಯ್ದ ತುದಿಗೆ, ಅಂದರೆ ಎಳೆಗಳ ಉದ್ದಕ್ಕೇ ಹೊಡೆದರೂ ಹಿಡಿತ ಕಮ್ಮಿ. ಅದಕ್ಕೇ ಒಳ್ಳೆ ಪೆಟ್ಟಿಗೆಗಳ ತುದಿಯಲ್ಲಿ ಅಡ್ಡ ರೀಪು ಕೂರಿಸಿ, ಮುಚ್ಚಳದ ಮೊಳೆ ಅದರ ಪಕ್ಕೆಗೆ ಹೋಗುವ ಹಾಗೆ ಮಾಡುತ್ತಾರೆ. ದಪ್ಪ ಮೊಳೆ ನಾಲ್ಕು ಹೊಡೆಯುವ ಬದಲು ಸಣ್ಣ ಮೊಳೆ ಎಂಟು ಹೊಡೆಯುವುದು ಲೇಸು. ಹಲಗೆ ಸೀಳುವುದಿಲ್ಲ.

ಹಳೆ ಬಡಗಿಗಳ ಇನ್ನೊಂದು ಉಪಾಯ ಇದೆ. ಮೊಳೆಯ ತುದಿ ಆಚೆ ಬದಿಗೆ ಬರುವಷ್ಟು ಉದ್ದದ್ದು ಹೊಡೆದು, ಆ ತುದಿಯನ್ನು ಮಡಿಸಿ ಬಡಿಯುವುದು. ಇದರಿಂದ ಎಷ್ಟು ಲಾಭ ಅನ್ನುವುದನ್ನು ಅಮೆರಿಕ ಸರ್ಕಾರದ ಮರದ ಪ್ರಯೋಗಾಲಯದವರು ಅಳೆದಿದ್ದಾರೆ. ಒಣ ಮರದಲ್ಲಿ ಹಿಡಿತ ಶೇ. 45ರಿಂದ 170ರಷ್ಟು ಜಾಸ್ತಿ. ಹಸಿ ಮರಕ್ಕೆ ಹೊಡೆದು ಆಮೇಲೆ ಅದು ಒಣಗಿದ್ದರೆ ಶೇ. 250ರಿಂದ 460ರವರೆಗೂ ಜಾಸ್ತಿ. ಆದರೆ ಮುಚ್ಚಳಕ್ಕೆ ಈ ಉಪಾಯ ನಡೆಯುವುದಿಲ್ಲ. ಪೆಟ್ಟಿಗೆ ತುಂಬಿಸಿ ಮುಚ್ಚಿದ ಮೇಲೆ ಒಳಗೆ ಕೈ ಹಾಕಿ ಮೊಳೆ ಮಡಿಸುವವರು ಯಾರು? ಹಾಗಾಗಿ ಪೆಟ್ಟಿಗೆಯ ಆರು ಮುಖಗಳಲ್ಲಿ ಯಾವಾಗಲೂ ದುರ್ಬಲವಾಗಿ ಉಳಿಯುವುದು ಕೊನೆಗೆ ಮುಚ್ಚುವ ಮುಖ.

ಈಗ ಒಂದು ಸ್ಕ್ರೂ ಕತೆ. ಮುಚ್ಚಳದ ಸ್ಕ್ರೂ ಮೇಲೆ ಒಂದು ಯುದ್ಧದ ಸೋಲನ್ನೇ ಹೊರಿಸಿದ್ದುಂಟು.

1879ರ ಜನವರಿ 22. ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನಾ ಬೆಟ್ಟದ ಬುಡದಲ್ಲಿ ಬ್ರಿಟಿಷ್ ಸೇನೆಯ ಬಿಡಾರ. ಸೇನಾಧಿಪತಿ ಲಾರ್ಡ್ ಚೆಮ್ಸ್‌ಫರ್ಡ್ ಬೆಳಗಿನ ಜಾವವೇ ಪಡೆಯ ದೊಡ್ಡ ಭಾಗವನ್ನು ಕರೆದುಕೊಂಡು ಅಲ್ಲಿನ ಜುಲು ಜನರ ಸೇನೆಯನ್ನು ಹುಡುಕಲು ಹೋಗಿದ್ದ. ಆ ಹೊತ್ತಿಗೆ ಸುಮಾರು 20,000 ಜುಲು ಯೋಧರು ಬಿಡಾರದ ಮೇಲೆ ಬಿದ್ದರು. ಸಂಜೆಯೊಳಗೆ ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಜನ ಸತ್ತರು. ಮಾರ್ಟಿನಿ-ಹೆನ್ರಿ ಬಂದೂಕು ಹಿಡಿದ ಸೈನಿಕರು ಈಟಿ ಹಿಡಿದವರ ಮುಂದೆ ಸೋತರು ಅಂದರೆ ಲಂಡನ್ನಿಗೆ ನಂಬಲು ಆಗಲಿಲ್ಲ. ಏನಾದರೂ ಕಾರಣ ಬೇಕಿತ್ತು. ಆಗ ಹಬ್ಬಿದ್ದು ಗುಂಡಿನ ಪೆಟ್ಟಿಗೆಯ ಕತೆ: ಮುಚ್ಚಳಕ್ಕೆ ಬಿಗಿಯಾಗಿ ಸ್ಕ್ರೂ ಹಾಕಿದ್ದರು, ತಿರುಪುಳಿ ಸಾಕಷ್ಟು ಇರಲಿಲ್ಲ, ಪೆಟ್ಟಿಗೆ ತೆರೆಯುವಷ್ಟರಲ್ಲಿ ಗುಂಡು ಮುಗಿದು ಸೈನಿಕರು ಸತ್ತರು.

ಕತೆಗೆ ಒಬ್ಬ ದೊಡ್ಡ ಸಾಕ್ಷಿಯೂ ಇದ್ದ. ಆ ದಿನ ಬದುಕಿ ಬಂದ ಕೆಲವೇ ಅಧಿಕಾರಿಗಳಲ್ಲಿ ಒಬ್ಬ ಹೊರೇಸ್ ಸ್ಮಿತ್-ಡೋರಿಯನ್. ಮುಂದೆ ಜನರಲ್ ಆದವನು. 1925ರಲ್ಲಿ ಬಂದ ತನ್ನ ನೆನಪುಗಳಲ್ಲಿ, ಆ ಕಾಲದ ಪೆಟ್ಟಿಗೆಗಳಿಗೆ ಸ್ಕ್ರೂ ಹಾಕಿರುತ್ತಿದ್ದರು, ತೆರೆಯುವುದು ಬಹಳ ಕಷ್ಟವಾಗಿತ್ತು ಅಂತ ಬರೆದ. ಬೇರೆ ತುಕಡಿಯ ಪೆಟ್ಟಿಗೆಗೆ ಕೈ ಹಾಕಿದಾಗ, ಅದು ನಮ್ಮ ಬೆಟಾಲಿಯನ್ನಿನದು, ಮುಟ್ಟಬೇಡ ಅಂತ ಉಗ್ರಾಣದ ಅಧಿಕಾರಿ ಬ್ಲೂಮ್‌ಫೀಲ್ಡ್ ತಡೆದ ಅಂತಲೂ ಬರೆದ. ಸರ್ಕಾರಿ ಆಫೀಸಿನಲ್ಲಿ ಕ್ಯೂ ನಿಂತು ಬೇಸತ್ತವರಿಗೆ ಈ ಕತೆ ಹಿಡಿಸದೆ ಇರುತ್ತದಾ? ಮುಂದೆ ಪುಸ್ತಕ, ಸಿನಿಮಾಗಳೆಲ್ಲ ಇದನ್ನೇ ಹೇಳಿದವು.

ಆದರೆ ಆ ಪೆಟ್ಟಿಗೆಯನ್ನೇ ಒಮ್ಮೆ ಹತ್ತಿರದಿಂದ ನೋಡೋಣ. 600 ಗುಂಡು ಹಿಡಿಯುವ ಗಟ್ಟಿ ಮರದ ಪೆಟ್ಟಿಗೆ. ಗುಂಡುಗಳು ಹತ್ತರ ಪೊಟ್ಟಣದಲ್ಲಿ. ತೇವ ತಾಗದಂತೆ ಒಳಗೆ ತವರದ ಹಾಳೆ. ಪೆಟ್ಟಿಗೆಯ ಸುತ್ತ ಎರಡು ತಾಮ್ರದ ಪಟ್ಟಿ, ಆ ಪಟ್ಟಿಗಳ ತುಂಬ ಸ್ಕ್ರೂ. ನೋಡಿದವರಿಗೆ ಇವನ್ನೆಲ್ಲ ಬಿಚ್ಚಬೇಕು ಅನ್ನಿಸುತ್ತದೆ. ಬಿಚ್ಚಬೇಕಿಲ್ಲ. ಎರಡು ಪಟ್ಟಿಗಳ ನಡುವೆ ಒಂದು ಸಣ್ಣ ಮುಚ್ಚಳ ಇದೆ, ಪಕ್ಕಕ್ಕೆ ಜಾರುವಂಥದ್ದು. ಅದನ್ನು ಹಿಡಿದಿರುವುದು ಎರಡು ಅಂಗುಲದ ಒಂದೇ ಒಂದು ಹಿತ್ತಾಳೆ ಸ್ಕ್ರೂ. ಪುರುಸೊತ್ತಿದ್ದರೆ ಸ್ಕ್ರೂ ತಿರುಗಿಸಿ ತೆಗೆಯಬಹುದು. ಅವಸರ ಇದ್ದರೆ ಬಂದೂಕಿನ ಹಿಂಬದಿಯಿಂದಲೋ ಡೇರೆಯ ಗೂಟ ಬಡಿಯುವ ಕೊಡತಿಯಿಂದಲೋ ಮುಚ್ಚಳದ ಅಂಚಿಗೆ ಒಂದು ಏಟು ಕೊಟ್ಟರೆ ಸಾಕು. ಸ್ಕ್ರೂ ಬಾಗಿ ಮುಚ್ಚಳ ಹಾರುತ್ತದೆ. ಯುದ್ಧಭೂಮಿಯ ಮಣ್ಣಿನಲ್ಲಿ ಹುಡುಕಿದವರಿಗೆ ಅಂಥ ಬಾಗಿದ ಸ್ಕ್ರೂಗಳು ಸಿಕ್ಕಿವೆ. ಅಂದರೆ ಅಲ್ಲಿದ್ದವರು ತಿರುಪುಳಿಗಾಗಿ ಕಾದು ಕೂತಿರಲಿಲ್ಲ, ಒಡೆದು ತೆಗೆದಿದ್ದರು. ಸ್ಮಿತ್-ಡೋರಿಯನ್ನನ ಬರಹದಲ್ಲೂ ಅದೇ ಇದೆ. ಪೆಟ್ಟಿಗೆಗಳನ್ನು ಒಡೆದೊಡೆದು ಪೊಟ್ಟಣಗಳನ್ನು ಮುಂದಿನ ಸಾಲಿಗೆ ಕಳಿಸುತ್ತಲೇ ಇದ್ದೆವು ಅನ್ನುತ್ತಾನೆ. ಓದಿದವರು ಸ್ಕ್ರೂ ನೆನಪಿಟ್ಟುಕೊಂಡರು, ಈ ಸಾಲನ್ನು ಬಿಟ್ಟರು.

ಸೋಲಿಗೆ ಇತಿಹಾಸಕಾರರು ಈಗ ಕೊಡುವ ಕಾರಣಗಳು ಬೇರೆ. ಬಿಡಾರಕ್ಕೆ ಕಂದಕ, ಬೇಲಿ ಏನೂ ಇರಲಿಲ್ಲ. ಸಾಲು ತುಂಬಾ ಅಗಲವಾಗಿ, ತುಂಬಾ ದೂರ ಹರಡಿತ್ತು. ಬಲಗಡೆ ಕರ್ನಲ್ ಡರ್ನ್‌ಫರ್ಡ್‌ನ ಕುದುರೆ ಸವಾರರಿಗೆ ಗುಂಡು ಮುಗಿಯಿತು ನಿಜ, ಆದರೆ ಅವರಿಗೆ ತಮ್ಮ ಗುಂಡಿನ ಬಂಡಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಮುಚ್ಚಳದ ತಂಟೆ ಬರುವುದು ಪೆಟ್ಟಿಗೆ ಸಿಕ್ಕಿದ ಮೇಲೆ. ನನಗಂತೂ ಆ ಸ್ಕ್ರೂ ಮೇಲೆ ಗೌರವವೇ ಇದೆ. ಸೇನೆಯಲ್ಲಿ ತುಂಬುವವರೂ ತೆರೆಯುವವರೂ ಒಂದೇ ಕಡೆಯವರು. ಅದಕ್ಕೇ ಯಾರೋ ಕೂತು ಯೋಚಿಸಿ, ಸಾಗಾಟದಲ್ಲಿ ಹಿಡಿಯುವ, ಏಟು ಬಿದ್ದರೆ ಬಿಡುವ ಮುಚ್ಚಳ ಮಾಡಿದ್ದರು.

ಇದೇ ಕಾಲದ ಸುಮಾರಿಗೆ ನಮ್ಮ ದೇಶದ ಚಹಾ ವ್ಯಾಪಾರ ಬೇರೆ ದಾರಿ ಹಿಡಿಯಿತು. ಚಹಾ ಸೊಪ್ಪಿಗೆ ಗಾಳಿ, ತೇವ ತಾಗಬಾರದು. ದಪ್ಪ ಹಲಗೆ ಹಾಕಿದರೆ ಹಡಗಿನಲ್ಲಿ ಸುಮ್ನೆ ಮರದ ತೂಕಕ್ಕೂ ಜಾಗಕ್ಕೂ ಬಾಡಿಗೆ ಕಟ್ಟಬೇಕು. 19ನೇ ಶತಮಾನದ ಕೊನೆಗೆ ಪ್ಲೈವುಡ್ ಬಂತು. ಆದರೆ ತೆಳು ಪ್ಲೈವುಡ್ಡಿನ ಅಂಚಿಗೆ ನೇರ ಮೊಳೆ ಹೊಡೆದರೆ ಪದರ ಬಿಡುತ್ತದೆ. ಹಾಗಾಗಿ ಪ್ರತಿ ಅಂಚಿಗೂ ತಗಡಿನ ಪಟ್ಟಿಯನ್ನು ಮೂಲೆಗೆ ಮಡಿಸಿ ಕೂರಿಸಿ, ಅದರ ಮೂಲಕ ಒಳಗಿನ ರೀಪಿಗೆ ಚಿಕ್ಕ ಮೊಳೆಗಳನ್ನು ಹೊಡೆದರು. ಒಳಗೆ ಲೋಹದ ತೆಳು ಹಾಳೆ. ಅಂಚಿಗೆ ತಗಡು ಹೊಡೆದ ಈ ಚೌಕ ಪೆಟ್ಟಿಗೆಗಳು ಅಸ್ಸಾಮಿನಿಂದ ನೀಲಗಿರಿವರೆಗೆ ಎಲ್ಲ ತೋಟಗಳಿಂದಲೂ ಹೊರಟವು. ಇಂಗ್ಲೆಂಡಿನಲ್ಲಿ ಖಾಲಿಯಾದ ಮೇಲೆ ಮನೆ ಸಾಮಾನು ಸಾಗಿಸಲು ದಶಕಗಟ್ಟಲೆ ಬಳಕೆಯಾದವು. ಸ್ವಲ್ಪ ಹಳತಾದರೆ ತಗಡಿನ ಅಂಚು ಎದ್ದು ಕೈ ಕೊಯ್ಯುತ್ತಿತ್ತು ಅನ್ನುವುದು ಬೇರೆ ಮಾತು.

20ನೇ ಶತಮಾನದಲ್ಲಿ ಈ ವಿಷಯ ಪ್ರಯೋಗಾಲಯ ಸೇರಿತು. ಅಮೆರಿಕ ಸರ್ಕಾರ 1910ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಮರದ ಸಂಶೋಧನೆಗೆ ಅಂತಲೇ ಒಂದು ಸಂಸ್ಥೆ ತೆರೆಯಿತು. ಅಲ್ಲಿ ದೊಡ್ಡದೊಂದು ಆರು ಮುಖದ ಪೀಪಾಯಿ ಮಾಡಿ, ಅದರೊಳಗೆ ತುಂಬಿದ ಪೆಟ್ಟಿಗೆ ಹಾಕಿ ನಿಧಾನಕ್ಕೆ ಉರುಳಿಸಿದರು. ಪೆಟ್ಟಿಗೆ ಒಮ್ಮೆ ಮೂಲೆ ಮೇಲೆ, ಒಮ್ಮೆ ಅಂಚಿನ ಮೇಲೆ ಬೀಳುತ್ತಾ ಹೋಗುತ್ತದೆ. ಮೊದಲು ಬಿಟ್ಟುಕೊಳ್ಳುವುದು ಮೊಳೆಯಾ, ಹಲಗೆಯಾ ಅಂತ ನೋಡುವುದು. ಬರೀ ಮೊಳೆ ಕಿತ್ತು ಬಂದರೆ ಮೊಳೆ ಕಮ್ಮಿ, ಬರೀ ಹಲಗೆ ಮುರಿದರೆ ಹಲಗೆ ತೆಳು. ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಸೋತರೆ ಲೆಕ್ಕ ಸರಿಯಿದೆ ಅಂತ ಅರ್ಥ. ಎರಡೂ ಮಹಾಯುದ್ಧಗಳಲ್ಲಿ ಅಮೆರಿಕದ ಸೇನೆ ಪೆಟ್ಟಿಗೆ ಹೇಗಿರಬೇಕು ಅಂತ ಇಲ್ಲಿಗೇ ಬಂದು ಕೇಳಿತು.

ಗುಂಡು ಮೊಳೆಯ ಮೈ ನುಣುಪು, ಹಿಡಿತ ಕಮ್ಮಿ ಅನ್ನುವ ದೂರು ಹಳೆಯದು. ಅದಕ್ಕೆ ಪೆಟ್ಟಿಗೆಯವರು ಕಂಡುಕೊಂಡದ್ದು ರಾಳ ಸವರಿದ ಮೊಳೆ. ಹೊಡೆಯುವಾಗ ಉಜ್ಜಿ ಹುಟ್ಟುವ ಬಿಸಿಗೆ ರಾಳ ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೆದು ಮರದಲ್ಲಿ ಹಿಡಿತ ಸುಮಾರು ಎರಡು ಪಟ್ಟು. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಆ ಲಾಭ ಸಾಕಷ್ಟು ಇಳಿದುಹೋಗುತ್ತದೆ. ಪೆಟ್ಟಿಗೆಗೆ ಅಷ್ಟು ಸಾಕು, ಅಷ್ಟರಲ್ಲಿ ಅದು ಊರು ಸೇರಿರುತ್ತದೆ. ಮನೆ ಕಟ್ಟುವವರು ಇದನ್ನು ನಂಬಿ ಕೂರಬಾರದು ಅಷ್ಟೇ.

ಇನ್ನೊಂದು ದಾರಿ ಉಕ್ಕಿನ ಪಟ್ಟಿ. ಷಿಕಾಗೋದಲ್ಲಿ 1913ರಲ್ಲಿ ಶುರುವಾದ ಸಿಗ್ನೋಡ್ ಕಂಪನಿ ಇದರಲ್ಲಿ ಹೆಸರು ಮಾಡಿತು. ಪೆಟ್ಟಿಗೆಯ ಸುತ್ತ ಪಟ್ಟಿ ಸುತ್ತಿ, ಬಿಗಿಯುವ ಸಾಧನದಿಂದ ಎಳೆದು, ಎರಡು ತುದಿ ಸೇರುವ ಕಡೆ ತಗಡಿನ ಸೀಲ್ ಹಾಕಿ ಇಕ್ಕಳದಿಂದ ಅದುಮುವುದು. ಮೊಳೆ ಹಿಡಿತ ಬಿಟ್ಟರೂ ಪಟ್ಟಿ ಬಿಡುವುದಿಲ್ಲ, ಕಡಿಮೆ ಮರದಲ್ಲೂ ಕೆಲಸ ಆಗುತ್ತದೆ. ಪಟ್ಟಿ ಕತ್ತರಿಸಿ ಕದ್ದರೆ ತಕ್ಷಣ ಗೊತ್ತಾಗುತ್ತದೆ. ಇದಕ್ಕೂ ಎರಡು ತಕರಾರು. ಮರ ಒಣಗಿ ಕುಗ್ಗಿದರೆ ಪಟ್ಟಿ ಸಡಿಲ. ಬಿಗಿಯಾಗಿದ್ದರೆ, ಕತ್ತರಿಸಿದ ಕ್ಷಣ ತುದಿ ಚಿಮ್ಮಿ ಮುಖಕ್ಕೆ ಬರುತ್ತದೆ. ಹಾಗಾಗಿ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ಕತ್ತರಿಸಬೇಕು.

ಮುಚ್ಚಳದ ಕತೆಯನ್ನು ಮತ್ತೆ ತಿರುಗಿಸಿದ್ದು ಒಂದು ಹುಳ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೇಪಲ್ ಮರಗಳನ್ನು ಕೊರೆಯುತ್ತಿದ್ದ, ಉದ್ದ ಮೀಸೆಯ ಏಷ್ಯಾದ ದುಂಬಿ ಸಿಕ್ಕಿತು. ಚೀನಾದಿಂದ ಬಂದ ಪೆಟ್ಟಿಗೆ ಮರದಲ್ಲಿ ಕೂತು ಬಂದದ್ದು. 2002ರಲ್ಲಿ ಐಎಸ್‌ಪಿಎಂ-15 ಅನ್ನುವ ಅಂತರರಾಷ್ಟ್ರೀಯ ನಿಯಮ ಬಂತು. ಪೆಟ್ಟಿಗೆಗೆ ಬಳಸುವ ಮರವನ್ನು ಅದರ ತಿರುಳೂ 56 ಡಿಗ್ರಿ ಬಿಸಿಯಾಗಿ 30 ನಿಮಿಷ ಹಾಗೇ ಇರುವಂತೆ ಕಾಯಿಸಬೇಕು, ಇಲ್ಲವೇ ಔಷಧಿ ಹೊಗೆ ಕೊಡಬೇಕು, ಆಮೇಲೆ ಮುದ್ರೆ ಒತ್ತಬೇಕು. ಪೀಣ್ಯದಿಂದ ರಫ್ತಾಗುವ ಮೆಷಿನ್ ಪೆಟ್ಟಿಗೆಗಳ ಮೇಲೆ ತೆನೆಯ ಚಿತ್ರ, ಪಕ್ಕದಲ್ಲಿ ‘ಐಎನ್’ ಅಂತ ಅಕ್ಷರ ಸುಟ್ಟಿರುತ್ತಾರಲ್ಲ, ಅದೇ ಇದು. ಪ್ಲೈವುಡ್ಡಿಗೆ ಈ ನಿಯಮ ಇಲ್ಲ, ಅಂಟು ಹಾಕಿ ಬಿಸಿಯಲ್ಲಿ ಒತ್ತುವಾಗಲೇ ಹುಳ ಸತ್ತಿರುತ್ತದೆ.

ಮುದ್ರೆಯ ಮರಕ್ಕೆ ಖರ್ಚು ಜಾಸ್ತಿ. ಖರ್ಚು ಮಾಡಿದ ಪೆಟ್ಟಿಗೆಯನ್ನು ಒಡೆದು ಬಿಸಾಡಲು ಮನಸ್ಸು ಬರುವುದಿಲ್ಲ. ರಿಪೇರಿಗೆ ಹೊಸ ಹಲಗೆ ಹಾಕಿದರೆ ಅದಕ್ಕೂ ಮುದ್ರೆ ಬೇಕು. ಹಾಗಾಗಿ ಮರಕ್ಕೆ ಪೆಟ್ಟಾಗದೆ ಬಿಚ್ಚುವ ಸಾಧನಗಳಿಗೆ ಬೆಲೆ ಬಂತು. ಪ್ಲೈವುಡ್ ಹಲಗೆಗಳ ಅಂಚಿಗೆ ಉಕ್ಕಿನ ಪಟ್ಟಿ, ಆ ಪಟ್ಟಿಯಲ್ಲಿ ಸಣ್ಣ ನಾಲಿಗೆಗಳು. ನಾಲಿಗೆಯನ್ನು ಪಕ್ಕದ ಹಲಗೆಯ ಸೀಳಿಗೆ ತೂರಿಸಿ ಬಡಿದು ಮಡಿಸಿದರೆ ಮುಚ್ಚಿತು, ಎತ್ತಿದರೆ ತೆರೆಯಿತು. ಚಹಾ ಪೆಟ್ಟಿಗೆಯ ತಗಡಿನ ಅಂಚಿಗೆ ಇದು ಹತ್ತಿರದ ಸಂಬಂಧಿ. ಇನ್ನೊಂದು, ಕ್ಲಿಂಪ್ ಅನ್ನುವ ಸ್ಪ್ರಿಂಗ್ ಉಕ್ಕಿನ ಕ್ಲಿಪ್. ಮೂಲೆಗೆ ಮಡಿಸಿದ ತುಂಡು, ಹಲ್ಲುಗಳಿರುತ್ತವೆ. ಮುಚ್ಚಳವೂ ಪಕ್ಕದ ಹಲಗೆಯೂ ಸೇರುವ ಕಡೆ ಇಟ್ಟು ಸುತ್ತಿಗೆಯಿಂದ ಬಡಿದರೆ ಎರಡನ್ನೂ ಕಚ್ಚಿ ಎಳೆದು ಹಿಡಿಯುತ್ತದೆ. ತೆಗೆಯಲು ಮೀಟುವ ಒಂದು ಸಲಾಕೆ ಸಾಕು, ಆಮೇಲೆ ಅದೇ ಕ್ಲಿಪ್ಪನ್ನು ಮತ್ತೆ ಬಳಸಬಹುದು. ವಸ್ತುಸಂಗ್ರಹಾಲಯದವರು ಇನ್ನೂ ನಾಜೂಕು. ಚಿತ್ರವೋ ಶಿಲ್ಪವೋ ಒಳಗಿರುವಾಗ ಸುತ್ತಿಗೆ ಏಟೇ ಬೇಡ ಅಂತ, ಹಲಗೆಯಲ್ಲಿ ಕೂರಿಸಿದ ಲೋಹದ ಬಿಲ್ಲೆಗೆ ಬೋಲ್ಟ್ ತಿರುಗಿಸಿ ಮುಚ್ಚುತ್ತಾರೆ. ಪ್ರದರ್ಶನ ಮುಗಿದ ಮೇಲೆ ಅದೇ ಪೆಟ್ಟಿಗೆಯಲ್ಲಿ ವಾಪಸ್ ಬರಬೇಕಲ್ಲ.

ವಾಪಸ್ ಬಾರದ ಪೆಟ್ಟಿಗೆಯ ಪಾಡು ಮಾತ್ರ ಹಿಂದಿಗಿಂತ ಕಷ್ಟವಾಗಿದೆ. ಈಗ ಸುತ್ತಿಗೆ ಇಲ್ಲ, ಗಾಳಿಯಲ್ಲಿ ನಡೆಯುವ ಮೊಳೆ ಗನ್. ಸುರುಳಿಯಲ್ಲಿ ಬರುವ ಮೊಳೆಗೆ ಮೈತುಂಬ ಬಳೆಯಂಥ ಗೆರೆ, ಹಲವಕ್ಕೆ ರಾಳ ಬೇರೆ. ಕೆಲಸಗಾರ ಟಕಟಕ ಅಂತ ಹೊಡೆದುಕೊಂಡು ಹೋಗುತ್ತಾನೆ, ಹತ್ತು ಸಾಕಾಗುವ ಕಡೆ ಇಪ್ಪತ್ತು ಬಿದ್ದಿರುತ್ತವೆ. ಆ ಮೊಳೆ ಸಲಾಕೆಗೆ ಬರುವುದಿಲ್ಲ. ಹಲಗೆ ಸಂದಿಗೆ ಗರಗಸದ ಬ್ಲೇಡ್ ಇಳಿಸಿ ಮೊಳೆಯನ್ನೇ ಕತ್ತರಿಸಬೇಕು. ಹಾಗೆ ಕತ್ತರಿಸಿದ ಪೈನ್ ಹಲಗೆಗಳು ನಮ್ಮಲ್ಲಿ ಗುಜರಿ ಮರದ ಅಂಗಡಿ ಸೇರಿ, ಅಲ್ಲಿಂದ ಬಡಗಿಯ ಹತ್ತಿರ ಮೇಜು, ಕಪಾಟು ಆಗಲು ಬರುತ್ತವೆ. ಮರ ಚೆನ್ನಾಗಿರುತ್ತದೆ, ಬೆಲೆಯೂ ಕಮ್ಮಿ. ಆದರೆ ಅರ್ಧ ಮೊಳೆ ಒಳಗೇ ಉಳಿದಿರುತ್ತದೆ. ಬುದ್ಧಿವಂತ ಬಡಗಿ ಉಜ್ಜುಗೊರಡು ಓಡಿಸುವ ಮೊದಲು ಹಲಗೆಯ ಮೇಲೆ ಒಮ್ಮೆ ಅಯಸ್ಕಾಂತ ಆಡಿಸುತ್ತಾನೆ.