ಅಥೆನ್ಸ್‌ನಲ್ಲಿ ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರಂತೆ, ನಿಜವಾ?

ಓದುಗರ ಪ್ರಶ್ನೆ: ಪ್ರಜಾಪ್ರಭುತ್ವ ಹುಟ್ಟಿದ್ದೇ ಪ್ರಾಚೀನ ಅಥೆನ್ಸ್‌ನಲ್ಲಿ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಅಲ್ಲಿ ಚುನಾವಣೆಯೇ ಇರಲಿಲ್ಲ, ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸುತ್ತಿದ್ದರು ಅಂತಲೂ ಕೇಳಿದ್ದೇನೆ. ಇದು ನಿಜವಾ? ಕೆಲಸಕ್ಕೆ ಬಾರದವನ ಹೆಸರು ಬಂದುಬಿಟ್ಟರೆ ಏನು ಗತಿ?

ಉತ್ತರ: ಬಹುಪಾಲು ನಿಜ. ಅಥೆನ್ಸ್‌ನಲ್ಲಿ ಪ್ರತಿ ವರ್ಷ ನೂರಾರು ಹುದ್ದೆಗಳು ಚೀಟಿಯಿಂದಲೇ ತುಂಬುತ್ತಿದ್ದವು. ಚುನಾವಣೆಯೂ ಇತ್ತು. ಆದರೆ ಅದು ಕೆಲವೇ ಹುದ್ದೆಗಳಿಗೆ, ಮುಖ್ಯವಾಗಿ ಯುದ್ಧ ನಡೆಸುವ ಸೇನಾಪತಿಗಳಿಗೆ.

ನಮ್ಮ ಚುನಾವಣೆಗಳಲ್ಲಿ ಇಬ್ಬರಿಗೆ ಸರಿಸಮ ಮತ ಬಿದ್ದಾಗ ಮಾತ್ರ ಚೀಟಿ ಎತ್ತುತ್ತಾರೆ. ಬೇರೆ ದಾರಿ ಇಲ್ಲದಾಗ ಹಿಡಿಯುವ ದಾರಿ ಅದು. ಅಥೆನ್ಸಿನವರು ಮೊದಲು ಹಿಡಿಯುತ್ತಿದ್ದ ದಾರಿಯೇ ಅದು. ಅವರ ಯೋಚನೆ ಹೀಗಿತ್ತು: ಚುನಾವಣೆ ಇಟ್ಟರೆ ಗೆಲ್ಲುವವರು ಯಾರು? ದುಡ್ಡಿದ್ದವರು, ದೊಡ್ಡ ಮನೆತನದವರು, ಮಾತಿನ ಮಲ್ಲರು. ಒಬ್ಬ ಕುಂಬಾರನೋ ಸಣ್ಣ ರೈತನೋ ಗೆದ್ದು ಬರುವುದು ಕನಸಿನ ಮಾತು. ಚೀಟಿಗೆ ಮಾತ್ರ ಯಾರ ಮನೆ ದೊಡ್ಡದು ಅಂತ ಗೊತ್ತಾಗುವುದಿಲ್ಲ. ಅರಿಸ್ಟಾಟಲ್ ಕೂಡ ಇದನ್ನೇ ಬರೆದ. ಚೀಟಿ ಎತ್ತುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವರ ಆಳ್ವಿಕೆಯ ಲಕ್ಷಣ ಅನ್ನುವುದು ಆ ಕಾಲದ ಸಾಮಾನ್ಯ ಅಭಿಪ್ರಾಯವಾಗಿತ್ತು.

ಇದೆಲ್ಲ ಒಂದೇ ದಿನ ಬಂದಿದ್ದಲ್ಲ. ಕ್ರಿ.ಪೂ. 508ರ ಸುಮಾರಿಗೆ ಕ್ಲೀಸ್ಥೆನಿಸ್ ಎಂಬ ನಾಯಕ ನಾಗರಿಕರನ್ನೆಲ್ಲ ಹತ್ತು ಹೊಸ ಪಂಗಡಗಳಾಗಿ ಹಂಚಿದ. ಪ್ರತಿ ಪಂಗಡದಲ್ಲೂ ಪಟ್ಟಣದವರು, ಕರಾವಳಿಯವರು, ಒಳನಾಡಿನವರು ಮೂವರೂ ಬೆರೆತಿರಬೇಕು. ಹಳೆಯ ಮನೆತನಗಳ ಹಿಡಿತ ಸಡಿಲವಾಗಲಿ ಅಂತ ಈ ಏರ್ಪಾಡು. ಪಂಗಡಕ್ಕೆ 50 ಜನರಂತೆ 500 ಜನರ ಕೌನ್ಸಿಲ್ ಆಯಿತು. ಕ್ರಿ.ಪೂ. 487ರಿಂದ ಆರ್ಕನ್ ಎಂಬ ಹಿರಿಯ ಹುದ್ದೆಗೂ ಚೀಟಿ ಬಂತು. ಮುಂದೆ ಮಾರುಕಟ್ಟೆ ನೋಡಿಕೊಳ್ಳುವವರು, ತೂಕ ಅಳತೆ ಪರೀಕ್ಷಿಸುವವರು, ಬೀದಿ ಚೊಕ್ಕಟ ಇಡಿಸುವವರು, ಜೈಲು ನೋಡಿಕೊಳ್ಳುವವರು, ಎಲ್ಲರೂ ಚೀಟಿಯಿಂದಲೇ ಬಂದರು.

ಈ ಕೌನ್ಸಿಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೂವತ್ತು ದಾಟಿದ ನಾಗರಿಕ ಚೀಟಿಯ ಮೂಲಕ ಇದಕ್ಕೆ ಬರಬಹುದಿತ್ತು. ಒಂದು ವರ್ಷದ ಅವಧಿ, ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಇಲ್ಲ. ವರ್ಷವನ್ನು ಹತ್ತು ಭಾಗ ಮಾಡಿ, ಒಂದೊಂದು ಪಂಗಡದ 50 ಜನ ಸರದಿಯಲ್ಲಿ ದಿನನಿತ್ಯದ ಆಡಳಿತ ನೋಡುತ್ತಿದ್ದರು. ಆ 50ರಲ್ಲಿ ದಿನಕ್ಕೊಬ್ಬನನ್ನು ಚೀಟಿ ಎತ್ತಿ ಅಧ್ಯಕ್ಷ ಮಾಡುತ್ತಿದ್ದರು. ಒಂದು ಹಗಲು, ಒಂದು ರಾತ್ರಿ ಮಾತ್ರ. ಖಜಾನೆ ಇದ್ದ ದೇವಸ್ಥಾನಗಳ ಬೀಗದ ಕೈ, ರಾಜ್ಯದ ಮುದ್ರೆ, ಎರಡೂ ಆ ಹೊತ್ತಿಗೆ ಅವನ ಕೈಯಲ್ಲಿ. ಮತ್ತೆ ಎಂದೂ ಆ ಜಾಗ ಅವನಿಗೆ ಸಿಗುತ್ತಿರಲಿಲ್ಲ. ನಿನ್ನೆಯವರೆಗೆ ಆಲಿವ್ ತೋಟದಲ್ಲಿ ಕೆಲಸ ಮಾಡುತ್ತಿದ್ದವನ ಕೈಗೆ ಇವತ್ತು ಖಜಾನೆಯ ಬೀಗದ ಕೈ! ಇಷ್ಟು ನಂಬಿಕೆ ಇಟ್ಟ ಊರು ನನಗೆ ಇತಿಹಾಸದಲ್ಲಿ ಬೇರೆ ಕಂಡಿಲ್ಲ.

ನ್ಯಾಯಾಲಯದಲ್ಲಂತೂ ಚೀಟಿಯದ್ದೇ ಒಂದು ಯಂತ್ರ ಇತ್ತು. ಹೆಸರು ಕ್ಲೆರೊಟೀರಿಯನ್. ಅದರ ಒಂದು ತುಂಡು ಇವತ್ತಿಗೂ ಅಥೆನ್ಸಿನ ಅಗೋರಾ ಮ್ಯೂಸಿಯಂನಲ್ಲಿದೆ. ಎದುರಿಗೆ ನಿಂತು ನೋಡಿದರೆ ಒಂದು ಕಲ್ಲಿನ ಚಪ್ಪಡಿ, ಅದರ ಮೇಲೆ ಸಾಲು ಸಾಲಾಗಿ ಕೊರೆದ ಸಣ್ಣ ಸೀಳುಗಳು. ಪ್ರತಿಯೊಬ್ಬ ನ್ಯಾಯದರ್ಶಿಗೂ, ಅಂದರೆ ತೀರ್ಪು ಕೊಡಲು ಕೂರುವ ನಾಗರಿಕನಿಗೂ, ಒಂದು ತೆಳುವಾದ ಪಟ್ಟಿ ಇರುತ್ತಿತ್ತು. ಮರದ್ದೋ ಕಂಚಿನದ್ದೋ ಆ ಪಟ್ಟಿಯ ಮೇಲೆ ಅವನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಕೆಲವರು ಅದನ್ನು ಜೊತೆಗಿಟ್ಟೇ ಮಣ್ಣಾಗಿದ್ದಾರೆ. ಗೋರಿಗಳಲ್ಲಿ ಇಂಥ ಪಟ್ಟಿಗಳು ಸಿಕ್ಕಿವೆ.

ಬೆಳಿಗ್ಗೆ ಬಂದವರ ಪಟ್ಟಿಗಳನ್ನು ಸೀಳುಗಳಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದಲ್ಲಿ ಒಂದು ಕೊಳವೆ. ಅದಕ್ಕೆ ಕಪ್ಪು ಬಿಳಿ ದಾಳಗಳನ್ನು ಬೆರೆಸಿ ಸುರಿಯುತ್ತಿದ್ದರು. ಕೆಳಗಿಂದ ಒಂದೊಂದೇ ದಾಳ ಹೊರಗೆ ಬರುತ್ತದೆ. ಬಿಳಿ ಬಂದರೆ ಮೊದಲ ಅಡ್ಡಸಾಲಿನವರೆಲ್ಲ ಆಯ್ಕೆ, ಕಪ್ಪು ಬಂದರೆ ಆ ಸಾಲು ಮನೆಗೆ. ಮತ್ತೊಂದು ದಾಳ, ಮುಂದಿನ ಸಾಲು. ಆಯ್ಕೆಯಾದವನು ಯಾವ ಕೋರ್ಟಿಗೆ ಹೋಗಬೇಕು ಅನ್ನುವುದಕ್ಕೂ ಬೇರೆ ಚೀಟಿ. ಅವನ ಕೈಗೆ ಬಣ್ಣದ ಕೋಲು ಕೊಡುತ್ತಿದ್ದರು. ಆ ಬಣ್ಣ ಯಾವ ಕೋರ್ಟಿನ ಬಾಗಿಲ ಮೇಲಿದೆಯೋ ಅಲ್ಲಿಗೇ ಹೋಗಬೇಕು, ಗೆಳೆಯ ಕೂತಿರುವ ಇನ್ನೊಂದಕ್ಕೆ ನುಗ್ಗುವ ಹಾಗಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಲಂಚ ತಡೆಯೋಕೆ. ಒಂದು ಪ್ರಕರಣಕ್ಕೆ 201, 401, 501 ಹೀಗೆ ಜನ ಕೂರುತ್ತಿದ್ದರು. ಯಾರು ಕೂರುತ್ತಾರೆ ಅಂತ ಅದೇ ದಿನ ಬೆಳಿಗ್ಗೆ ಗೊತ್ತಾಗುತ್ತಿತ್ತು. ಹಾಗಿರುವಾಗ ಯಾರಿಗೆ ಅಂತ ದುಡ್ಡು ಕೊಡ್ತೀರಿ? ಕೂತವರಿಗೆ ದಿನಕ್ಕೆ ಎರಡು ಆಬೊಲ್ (ಒಂದು ಸಣ್ಣ ನಾಣ್ಯ) ಸಂಬಳ, ಆಮೇಲೆ ಮೂರಾಯಿತು. ಕೂಲಿಯವನ ದಿನದ ದುಡಿಮೆಯ ಅರ್ಧದಷ್ಟು ಅನ್ನಿ. ದೊಡ್ಡ ದುಡ್ಡಲ್ಲ, ಆದರೆ ಬಡವನೂ ಒಂದು ದಿನ ಕೆಲಸ ಬಿಟ್ಟು ಬರಬಹುದಿತ್ತು. ಸಂಬಳ ಇಲ್ಲದೆ ಚೀಟಿ ಎತ್ತಿದ್ದರೆ ಮತ್ತೆ ಶ್ರೀಮಂತರೇ ಬಂದು ಕೂರುತ್ತಿದ್ದರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೆಲಸಕ್ಕೆ ಬಾರದವನು ಬಂದರೆ?

ಚೀಟಿ ಬಂದ ಕೂಡಲೇ ಕುರ್ಚಿ ಸಿಗುತ್ತಿರಲಿಲ್ಲ. ಮೊದಲು ಒಂದು ವಿಚಾರಣೆ. ಪ್ರಶ್ನೆಗಳನ್ನು ಅರಿಸ್ಟಾಟಲ್ ಹೆಸರಿನಲ್ಲಿ ಉಳಿದಿರುವ ಬರಹವೊಂದು ನಮಗೆ ಕೊಟ್ಟಿದೆ. ನಿನ್ನ ಅಪ್ಪ ಯಾರು, ಅಮ್ಮ ಯಾರು, ಅಮ್ಮನ ಅಪ್ಪ ಯಾರು? ನಿಮ್ಮ ಮನೆತನದ ಗೋರಿಗಳು ಎಲ್ಲಿವೆ? ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೀಯಾ? ತೆರಿಗೆ ಕಟ್ಟಿದ್ದೀಯಾ? ಯುದ್ಧಕ್ಕೆ ಹೋಗಿದ್ದೀಯಾ? ಉತ್ತರಕ್ಕೆ ಸಾಕ್ಷಿಗಳು ಬೇಕು. ಆಮೇಲೆ, ಇವನ ಮೇಲೆ ದೂರು ಇರುವವರು ಯಾರಾದರೂ ಇದ್ದೀರಾ ಅಂತ ಎಲ್ಲರೆದುರು ಕೇಳುತ್ತಿದ್ದರು. ಗಮನಿಸಿ, ಒಂದು ಪ್ರಶ್ನೆಯೂ ಅವನ ಬುದ್ಧಿವಂತಿಕೆಯ ಬಗ್ಗೆ ಇಲ್ಲ. ಇವನು ನೆಟ್ಟಗೆ ಬಾಳಿದ ಮನುಷ್ಯನಾ ಅನ್ನುವುದಷ್ಟೇ ಅವರಿಗೆ ಬೇಕಿತ್ತು.

ಹೆಚ್ಚಿನ ಹುದ್ದೆಗಳು ಒಬ್ಬನಿಗಲ್ಲ, ಹತ್ತು ಜನರ ತಂಡಕ್ಕೆ. ಒಬ್ಬ ದಡ್ಡನಾದರೂ ಉಳಿದ ಒಂಬತ್ತು ಜನ ಇದ್ದಾರಲ್ಲ. ಅವಧಿ ಮುಗಿದ ಮೇಲೆ ಪೈಸೆ ಪೈಸೆಯ ಲೆಕ್ಕ ಒಪ್ಪಿಸಬೇಕು. ತಪ್ಪು ಸಿಕ್ಕಿದರೆ ದಂಡ. ಅಲ್ಲದೆ ಯುದ್ಧ, ಸಂಧಿ, ಕಾನೂನು, ತೆರಿಗೆಯಂಥ ದೊಡ್ಡ ತೀರ್ಮಾನಗಳು ಈ ಅಧಿಕಾರಿಗಳದ್ದಲ್ಲ. ಅವು ಪ್ನಿಕ್ಸ್ ಗುಡ್ಡದ ಮೇಲೆ ಸೇರುತ್ತಿದ್ದ ನಾಗರಿಕರ ಮಹಾಸಭೆಯದ್ದು. ಕೆಲವು ತೀರ್ಮಾನಗಳಿಗೆ 6,000 ಜನ ಸೇರಲೇಬೇಕಿತ್ತು. ಮಾರುಕಟ್ಟೆಯಲ್ಲಿ ಸುಮ್ನೆ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಹಚ್ಚಿದ ಹಗ್ಗ ಎಳೆದು ಸಭೆಯ ಕಡೆ ಅಟ್ಟುತ್ತಿದ್ದರು. ಬಟ್ಟೆಗೆ ಬಣ್ಣ ತಾಕಿದರೆ ಊರಿಗೆಲ್ಲ ಗೊತ್ತು, ಇವನು ತಪ್ಪಿಸಿಕೊಳ್ಳಲು ನೋಡಿದ ಅಂತ.

ಯುದ್ಧದ ವಿಷಯದಲ್ಲಿ ಮಾತ್ರ ಅವರು ಚೀಟಿಯನ್ನು ನಂಬಲಿಲ್ಲ. ಹತ್ತು ಸೇನಾಪತಿಗಳನ್ನು ಪ್ರತಿ ವರ್ಷ ಕೈ ಎತ್ತಿ ಆರಿಸುತ್ತಿದ್ದರು. ಎಷ್ಟು ಸಲ ಬೇಕಾದರೂ ಮರಳಿ ಆರಿಸಬಹುದು. ಹೆಸರಾಂತ ನಾಯಕ ಪೆರಿಕ್ಲಿಸ್ ಸತತವಾಗಿ 15 ವರ್ಷ ಹೀಗೆ ಆರಿಸಿ ಬಂದ. ಅವನ ದೊಡ್ಡ ಪ್ರಭಾವಕ್ಕೆ ಆಧಾರವಾಗಿದ್ದ ಹುದ್ದೆ ಇದೊಂದೇ. ರಣರಂಗದಲ್ಲಿ ಅನುಭವ ಇಲ್ಲದವನನ್ನು ಮುಂದೆ ಬಿಟ್ಟರೆ ಊರೇ ಉಳಿಯುವುದಿಲ್ಲ ಅಂತ ಬಡವರಿಗೂ ಗೊತ್ತಿತ್ತು. ಪ್ರಜಾಪ್ರಭುತ್ವ ಕಂಡರೆ ಆಗದ ಒಬ್ಬ ಅನಾಮಿಕ ಲೇಖಕನ ಸಣ್ಣ ಬರಹ ಉಳಿದಿದೆ. ಅವನೇ ಒಪ್ಪಿಕೊಂಡಿದ್ದಾನೆ: ಸೇನಾಪತಿಯ ಹುದ್ದೆಗೆ ಚೀಟಿ ಎತ್ತಬೇಕು ಅಂತ ಜನ ಕೇಳುವುದಿಲ್ಲ.

ಅದೇ ಲೇಖಕ ಇನ್ನೊಂದು ಮಾತು ಹೇಳುತ್ತಾನೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಗುಟ್ಟು ಅಲ್ಲೇ ಇದೆ. ಹಡಗು ನಡೆಸುವವರು ಬಡವರು, ಈ ಊರಿಗೆ ಬಲ ಬಂದಿದ್ದು ಅವರಿಂದ, ಹಾಗಾಗಿ ಹುದ್ದೆಗಳಲ್ಲಿ ಅವರಿಗೂ ಪಾಲು ಸಿಗುವುದು ನ್ಯಾಯವೇ ಅನ್ನುತ್ತಾನೆ.

ಗ್ರೀಕರ ನೆಲದ ಯುದ್ಧ ಹಾಪ್ಲೈಟ್ ಎಂಬ ಕಾಲಾಳುಗಳದ್ದು. ಕಂಚಿನ ಹೊದಿಕೆಯ ಗುರಾಣಿ, ಶಿರಸ್ತ್ರಾಣ, ಉದ್ದನೆಯ ಈಟಿ. ಇದನ್ನೆಲ್ಲ ಅವರವರೇ ಕೊಂಡು ತರಬೇಕು. ಹಾಗಾಗಿ ತಕ್ಕಮಟ್ಟಿಗೆ ಅನುಕೂಲ ಇದ್ದವರೇ ಸೈನಿಕರು. ಏನೂ ಇಲ್ಲದವನಿಗೆ ಸಾಲಿನಲ್ಲಿ ಜಾಗ ಇಲ್ಲ, ಸಭೆಯಲ್ಲಿ ಬೆಲೆಯೂ ಕಡಿಮೆ. ಕ್ರಿ.ಪೂ. 483ರ ಹೊತ್ತಿಗೆ ಅಥೆನ್ಸಿಗೆ ಸೇರಿದ ಲಾರಿಯಂ ಗಣಿಯಲ್ಲಿ ಬೆಳ್ಳಿಯ ದೊಡ್ಡ ನಿಕ್ಷೇಪ ಸಿಕ್ಕಿತು. ಅದನ್ನು ಎಲ್ಲರಿಗೂ ಹಂಚಿಬಿಡೋಣ ಅಂತ ಮಾತಾಯಿತು. ಥೆಮಿಸ್ಟೊಕ್ಲಿಸ್ ಎಂಬ ನಾಯಕ ಬೇಡ ಅಂದ. ಹಡಗು ಕಟ್ಟೋಣ ಅಂದ. ಜನ ಒಪ್ಪಿದರು. ಮೂರು ವರ್ಷ ಕಳೆದು, ಕ್ರಿ.ಪೂ. 480ರಲ್ಲಿ, ಪರ್ಷಿಯಾದ ದೊರೆ ಜರ್ಕ್ಸಿಸ್‌ನ ನೌಕಾಪಡೆ ಸಲಾಮಿಸ್ ಜಲಸಂಧಿಯಲ್ಲಿ ಸೋತಿದ್ದು ಈ ಹಡಗುಗಳ ಎದುರಿಗೇ.

ಟ್ರೈರೀಮ್ ಎಂಬ ಆ ಹಡಗಿಗೆ 170 ಜನ ಹುಟ್ಟು ಹಾಕಬೇಕು, ಮೂರು ಅಂತಸ್ತಿನಲ್ಲಿ ಕೂತು. ಕೆಳಗಿನ ಅಂತಸ್ತಿನವನಿಗೆ ಸಮುದ್ರ ಕಾಣುವುದಿಲ್ಲ, ಮೇಲಿನವರ ಬೆವರು ತಲೆ ಮೇಲೆ. ಇದಕ್ಕೆ ಗುರಾಣಿ ಈಟಿ ಕೊಳ್ಳಬೇಕಿಲ್ಲ. ತೋಳಿನಲ್ಲಿ ಕಸುವು ಇದ್ದರೆ ಸಾಕು. ವಲಸಿಗರು, ಕೂಲಿಗೆ ಬಂದ ಹೊರಗಿನವರು, ಗುಲಾಮರೂ ಅವರಲ್ಲಿ ಇದ್ದರು. ಆದರೆ ಅಥೆನ್ಸಿನ ಬಡ ನಾಗರಿಕರ ಪಾಲು ದೊಡ್ಡದು. ಊರು ಉಳಿಸಿದವನನ್ನು ನೀನು ಆಳಲು ಲಾಯಕ್ಕಲ್ಲ ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತದೆ? ಚೀಟಿ ವ್ಯವಸ್ಥೆ ಹರಡಿದ್ದೂ ನೌಕಾಪಡೆ ಬೆಳೆದಿದ್ದೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ.

ಜನರ ಕೈಗೆ ಅಧಿಕಾರ ಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು ಅಂತೇನಿಲ್ಲ. ಕ್ರಿ.ಪೂ. 427ರಲ್ಲಿ ನಡೆದದ್ದನ್ನು ನೋಡಿ. ಲೆಸ್ಬೋಸ್ ದ್ವೀಪದ ಮಿಟಿಲೀನ್ ನಗರ ಅಥೆನ್ಸ್ ವಿರುದ್ಧ ದಂಗೆ ಎದ್ದು ಸೋತಿತ್ತು. ಸಿಟ್ಟಿನಲ್ಲಿದ್ದ ಮಹಾಸಭೆ, ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿ ಅಂತ ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೇಬಿಟ್ಟಿತು. ರಾತ್ರಿ ಕಳೆಯುವಷ್ಟರಲ್ಲಿ ಜನಕ್ಕೆ ಹೊಟ್ಟೆಯೊಳಗೆ ಸಂಕಟ ಶುರುವಾಯಿತು. ಮರುದಿನವೇ ಮತ್ತೆ ಸಭೆ. ಕ್ಲಿಯಾನ್ ಎಂಬ ನಾಯಕ ಕೊಲ್ಲಲೇಬೇಕು ಅಂದ. ಡಯೊಡೊಟಸ್ ಎಂಬಾತ ಬೇಡ ಅಂದ, ಅದರಿಂದ ನಮಗೇ ನಷ್ಟ ಅಂತ ವಾದಿಸಿದ. ಕೈ ಎತ್ತಿದಾಗ ಎರಡೂ ಕಡೆ ಹೆಚ್ಚುಕಮ್ಮಿ ಸಮ. ಕೂದಲೆಳೆಯಲ್ಲಿ ಡಯೊಡೊಟಸ್ ಗೆದ್ದ.

ಕೂಡಲೇ ಎರಡನೇ ಹಡಗು ಹೊರಟಿತು. ಮೊದಲ ಹಡಗು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಅಥೆನ್ಸ್‌ನಲ್ಲಿದ್ದ ಮಿಟಿಲೀನಿನ ದೂತರು ಹಡಗಿಗೆ ಬಾರ್ಲಿ ಹಿಟ್ಟು, ವೈನ್ ತುಂಬಿಸಿದರು. ಬೇಗ ತಲುಪಿದರೆ ದೊಡ್ಡ ಬಹುಮಾನ ಅಂದರು. ಸಾಮಾನ್ಯವಾಗಿ ಟ್ರೈರೀಮ್ ದಡಕ್ಕೆ ನಿಂತು, ಊಟ ಮಾಡಿ, ಮಲಗಿ ಮುಂದೆ ಹೋಗುತ್ತದೆ. ಇವರು ನಿಲ್ಲಲಿಲ್ಲ. ಹಿಟ್ಟನ್ನು ವೈನ್ ಮತ್ತು ಎಣ್ಣೆಯಲ್ಲಿ ಕಲಸಿ, ಹುಟ್ಟು ಹಾಕುತ್ತಲೇ ತಿಂದರು. ಸರದಿಯಲ್ಲಿ ಮಲಗಿದರು. ಎದುರುಗಾಳಿ ಬೀಸಲಿಲ್ಲ, ಅದೊಂದು ಅದೃಷ್ಟ. ಮೊದಲ ಹಡಗಿನವರಿಗೆ ಹೊತ್ತ ಸುದ್ದಿಯೇ ಇಷ್ಟವಿರಲಿಲ್ಲ, ನಿಧಾನವಾಗಿ ಹೋಗಿದ್ದರು. ಸೇನಾಪತಿ ಪೇಕಿಸ್ ಆಜ್ಞೆ ಓದಿ ಮುಗಿಸಿ, ಜಾರಿಗೆ ತರಲು ಸಿದ್ಧನಾಗುತ್ತಿದ್ದಾಗ ಎರಡನೇ ಹಡಗು ಬಂದರಿಗೆ ಬಂತು. ಊರು ಉಳಿಯಿತು. ಆದರೂ ದಂಗೆಯ ಮುಂದಾಳುಗಳು ಅಂತ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು ಅನ್ನುತ್ತಾನೆ ಇತಿಹಾಸಕಾರ ಥುಸಿಡಿಡೀಸ್.

ಇನ್ನೊಂದು ಸಲ ಮಾಡಿದ ತೀರ್ಮಾನವನ್ನು ಹಿಂದಕ್ಕೆ ಪಡೆಯಲು ಆಗಲೇ ಇಲ್ಲ. ಕ್ರಿ.ಪೂ. 406ರಲ್ಲಿ ಆರ್ಗಿನೂಸೆ ಬಳಿ ಅಥೆನ್ಸ್ ದೊಡ್ಡ ನೌಕಾಯುದ್ಧ ಗೆದ್ದಿತು. ಆದರೆ ಬಿರುಗಾಳಿಯಲ್ಲಿ, ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಳ್ಳಲು ಆಗಲಿಲ್ಲ. ರೊಚ್ಚಿಗೆದ್ದ ಸಭೆ ಸೇನಾಪತಿಗಳನ್ನೆಲ್ಲ ಒಟ್ಟಿಗೇ ವಿಚಾರಣೆ ಮಾಡಿ, ಕೈಗೆ ಸಿಕ್ಕ ಆರು ಜನರನ್ನು ಕೊಲ್ಲಿಸಿತು. ಒಟ್ಟಿಗೆ ವಿಚಾರಣೆ ಮಾಡುವುದು ಕಾನೂನಿಗೆ ವಿರುದ್ಧ. ಆ ದಿನ ಸಭೆ ನಡೆಸುವ ಸರದಿಯ 50 ಜನರಲ್ಲಿ ಒಬ್ಬ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅವನು ಸಾಕ್ರಟೀಸ್. ಚೀಟಿಯಿಂದ ಬಂದ ಅವನು ನಿಂತ, ಜನ ಚುನಾಯಿಸಿದ ಸೇನಾಪತಿಗಳನ್ನು ಜನರೇ ಕೊಂದರು. ಚೀಟಿ ಕೆಟ್ಟದ್ದು, ಚುನಾವಣೆ ಒಳ್ಳೆಯದು ಅಂತ ಅಷ್ಟು ಸುಲಭವಾಗಿ ಹೇಳೋಕೆ ಆಗಲ್ಲ, ಅಲ್ವಾ?

ಈ ಚೀಟಿಯಲ್ಲಿ ಹೆಸರೇ ಇಲ್ಲದವರು ಇನ್ನೂ ಜಾಸ್ತಿ. ಹೆಂಗಸರಿಗೆ ಜಾಗ ಇರಲಿಲ್ಲ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ವಲಸಿಗರಿಗೂ ಇಲ್ಲ. ಕ್ರಿ.ಪೂ. 451ರಿಂದ ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ನಾಗರಿಕ. ಹಡಗು ಕಟ್ಟಿಸಿದ ಬೆಳ್ಳಿಯನ್ನು ಲಾರಿಯಂನ ಇಕ್ಕಟ್ಟಾದ ಸುರಂಗಗಳಲ್ಲಿ ತೆವಳಿಕೊಂಡು ತೋಡಿದವರು ಗುಲಾಮರು. ಅವರ ದುಡಿಮೆ ಊರಿಗೆ ಬೇಕಿತ್ತು, ಅವರ ಮಾತು ಬೇಕಿರಲಿಲ್ಲ. ಅಥೆನ್ಸನ್ನು ಎಷ್ಟೇ ಮೆಚ್ಚಿಕೊಂಡರೂ ಇದನ್ನು ಬದಿಗಿಟ್ಟು ಮಾತಾಡುವುದು ಸರಿಯಲ್ಲ.

ವ್ಯವಸ್ಥೆ ಹೇಗೆ ಮುಗಿಯಿತು ಅಂತ ಕೆಲವರು ಕೇಳುತ್ತಾರೆ. ಅದೂ ಹಡಗಿನ ಜೊತೆಗೇ ಮುಗಿಯಿತು. ಅಲೆಕ್ಸಾಂಡರ್ ಸತ್ತ ಮೇಲೆ ಅಥೆನ್ಸ್ ಅವನ ರಾಜ್ಯ ಮ್ಯಾಸಿಡೋನಿಯಾ ವಿರುದ್ಧ ತಿರುಗಿಬಿತ್ತು. ಕ್ರಿ.ಪೂ. 322ರಲ್ಲಿ ಅಮೋರ್ಗೋಸ್ ದ್ವೀಪದ ಹತ್ತಿರ ಅದರ ನೌಕಾಪಡೆ ಸೋತಿತು. ಗೆದ್ದ ಕಡೆಯ ಆಂಟಿಪೇಟರ್ ಬಂದರಿನ ಹತ್ತಿರ ಕಾವಲುಪಡೆ ಕೂರಿಸಿದ. 2,000 ಡ್ರಾಕ್ಮಾ ಆಸ್ತಿ ಇದ್ದವರಿಗೆ ಮಾತ್ರ ಪೂರ್ತಿ ಹಕ್ಕು ಅಂತ ಹೊಸ ನಿಯಮ ತಂದ. ಪಟ್ಟಿಯಲ್ಲಿ ಸುಮಾರು 9,000 ಜನ ಉಳಿದರು. ಹೊರಬಿದ್ದವರ ಸಂಖ್ಯೆ ಅದಕ್ಕಿಂತ ದೊಡ್ಡದು, ಅವರೆಲ್ಲ ಬಡವರು. ಹುಟ್ಟು ಹಾಕುವವರು ಇನ್ನು ಬೇಡವಾದಾಗ ಅವರ ಹೆಸರಿನ ಚೀಟಿಯೂ ಬೇಡವಾಯಿತು.